ಹೆಸರಿನ ಪರಿಗ್ರಹ

ಕೃಷ್ಣೆಯ ದಂಡೆಯ ದಿಗ್ಗೇವಾಡಿ ಎಂಬ ಊರಿನ ಹೆಸರು ಯಾರ ಸೊತ್ತು ಎಂದು ರಾಯಬಾಗ ತಾಲೂಕಿನಲ್ಲಿ ಯಾರನ್ನು ಕೇಳಿದರೂ, ಅವರು ಕೇಳಿದವನ ಮುಖವನ್ನೊಮ್ಮೆ ನೋಡಿ ನಕ್ಕುಬಿಟ್ಟಾರು. ಹೊಲಕ್ಕೆ ಉತಾರವಿದೆ, ಮನೆಗೆ ಪಂಚಾಯಿತಿಯ ದಾಖಲೆಯಿದೆ, ಕಡಿದು ಕಳಿಸಿದ ಕಬ್ಬಿಗೆ ಕಾರ್ಖಾನೆಯ ತೂಕದ ಚೀಟಿಯಿದೆ. ಹೆಸರಿಗೆ ಮಾತ್ರ ಖಾತೆದಾರನಿಲ್ಲ. ಅದು ಬಸ್ಸಿನ ಫಲಕದ ಮೇಲೆ, ರೇಶನ್ ಕಾರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ, ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೊರಟವರ ಬಾಯಲ್ಲಿ, ಒಮ್ಮೆ ಕನ್ನಡವಾಗಿ ಒಮ್ಮೆ ಮರಾಠಿಯಾಗಿ ಓಡಾಡುತ್ತಿದ್ದು, ಎಷ್ಟು ಮಂದಿ ಬಳಸಿದರೂ ಸವೆಯದೆ ಉಳಿದಿರುವುದು. ಇಂತಹ ಹೆಸರಿನ ಮುಂದೆ ಒಂದು ಚುಕ್ಕೆಯನ್ನೂ ಭಾರತದ ಸಂಕೇತವಾದ 'ಇನ್' ಎಂಬುದನ್ನೂ ಇಟ್ಟು, ವರ್ಷಕ್ಕೆ ಕೆಲವು ನೂರು ರೂಪಾಯಿ ತೆತ್ತು, ದಿಗ್ಗೇವಾಡಿಯನ್ನು ಕನಸಿನಲ್ಲಿಯೂ ಕಾಣದವನೊಬ್ಬನು, ಭೂಮಂಡಲದ ಯಾವ ಮೂಲೆಯಲ್ಲಿ ಕುಳಿತಿದ್ದರೂ, ಅದನ್ನು ಅಂತರಜಾಲದ ವಿಳಾಸವಾಗಿ ತನ್ನದೆಂದು ನೋಂದಾಯಿಸಿಕೊಳ್ಳುವುದು ಇಂದು ಸಾಧ್ಯವಾಗಿದೆ. ಹಾಗೆ ಹೆಸರುಗಳನ್ನು ಅಗ್ಗದಲ್ಲಿ ಹಿಡಿದಿಟ್ಟು, ಅವುಗಳ ಅವಶ್ಯಕತೆಯುಳ್ಳವನು ಬಾಗಿಲಿಗೆ ಬರುವವರೆಗೆ ಕಾಯ್ದು, ಬಂದಾಗ ಹತ್ತು ಪಟ್ಟಿಗೋ ನೂರು ಪಟ್ಟಿಗೋ ಮಾರುವ ವ್ಯವಹಾರಕ್ಕೆ ಹೂಡಿಕೆಯೆಂಬ ಗೌರವದ ಹೆಸರೂ ಬಂದಿದೆ. ಅದರ ಲಾಭನಷ್ಟವನ್ನು ಗಣಿಸುವವರು ಬೇರೆ ಇದ್ದಾರೆ. ನನ್ನನ್ನು ಕಾಡುವ ಪ್ರಶ್ನೆ ಅದಕ್ಕಿಂತ ಹಳೆಯದು: ಹೆಸರೆಂಬುದು ಪರಿಗ್ರಹಕ್ಕೆ, ಎಂದರೆ ತನ್ನದೆಂದು ಹಿಡಿದಿಟ್ಟುಕೊಳ್ಳುವುದಕ್ಕೆ, ಒಳಪಡುವ ವಸ್ತುವೆ? ಆಗಿದ್ದರೆ, ಗೃಹಸ್ಥನಾದವನು ಅದನ್ನು ಎಷ್ಟು ಇಟ್ಟುಕೊಳ್ಳಬಹುದು?

ವಸ್ತುಸ್ಥಿತಿಯನ್ನು ಮೊದಲು ತಿಳಿಯುವುದು ಲೇಸು. ಭಾರತದ 'ಡಾಟ್ ಇನ್' ಹೆಸರುಗಳು ಎಲ್ಲರಿಗೂ ಮುಕ್ತವಾದುದು 2005ರ ಆರಂಭದಲ್ಲಿ. ಮೊದಲ ಕೆಲವು ವಾರ ವ್ಯಾಪಾರಚಿಹ್ನೆಯುಳ್ಳವರಿಗೆ ಆದ್ಯತೆಯಿತ್ತು, ಅನಂತರ ಮೊದಲು ಬಂದವನಿಗೆ ಮೊದಲ ಮಣೆ. ಇವುಗಳ ನೋಂದಣಿಯನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಸಂಸ್ಥೆ. ಜನರು 'ಡೊಮೇನ್ ಕೊಂಡೆ' ಎನ್ನುವರಾದರೂ ಅಲ್ಲಿ ಕ್ರಯವೆಂಬುದೇ ಇಲ್ಲ. ಒಂದು ವರ್ಷದಿಂದ ಹತ್ತು ವರ್ಷದ ಅವಧಿಗೆ ಹೆಸರನ್ನು ಹಿಡಿಯಬಹುದು, ಅವಧಿ ಮುಗಿಯುತ್ತ ಬಂದಂತೆ ಶುಲ್ಕ ಕಟ್ಟಿ ನವೀಕರಿಸಬಹುದು, ಕಟ್ಟದಿದ್ದರೆ ಅದು ಕೈತಪ್ಪಿ ಮತ್ತೊಬ್ಬನ ಪಾಲಾಗುವುದು. ನಮ್ಮ ಕಡೆಯಲ್ಲಿ ಹೊಲವನ್ನು ಲಾವಣಿಗೆ ಹಿಡಿಯುವ ಪದ್ಧತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ; ಲಾವಣಿದಾರನು ಹೊಲವನ್ನು ಬಿತ್ತದೆ ಬೀಳುಬಿಟ್ಟರೆ ಊರವರು ಆಡಿಕೊಳ್ಳುವರು, ಹೆಸರನ್ನು ಬೀಳುಬಿಟ್ಟವನನ್ನು ಯಾರೂ ಕೇಳರು ಎಂಬುದಷ್ಟೇ ಭೇದ.

ಈ ವ್ಯವಸ್ಥೆಯನ್ನು ಕಟ್ಟಿದವರ ಮನಸ್ಸಿನಲ್ಲಿ ಒಡೆತನದ ಭಾವವಿರಲಿಲ್ಲವೆಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಂತರಜಾಲದ ಹೆಸರುಗಳ ಲೆಕ್ಕವನ್ನು ಅದರ ಶೈಶವದಲ್ಲಿ ಬಹುಮಟ್ಟಿಗೆ ತಾನೊಬ್ಬನೇ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಎಂಬ ಅಮೆರಿಕದ ವಿದ್ವಾಂಸನು 1994ರಲ್ಲಿ ಬರೆದಿಟ್ಟ ನಿಯಮಪತ್ರದಲ್ಲಿ, ಒಂದು ದೇಶದ ಸಂಕೇತಾಕ್ಷರಗಳನ್ನು ನಿರ್ವಹಿಸುವವನು ಆ ದೇಶದ ಜನಕ್ಕೂ ಲೋಕದ ಸಮಸ್ತ ಬಳಕೆದಾರರಿಗೂ ಧರ್ಮದರ್ಶಿಯೆಂದೂ, ಈ ವಿಷಯದಲ್ಲಿ ಹಕ್ಕು ಒಡೆತನಗಳ ಮಾತೇ ಅನುಚಿತವೆಂದೂ, ಹೊಣೆ ಮತ್ತು ಸೇವೆಗಳ ಮಾತು ಮಾತ್ರ ಉಚಿತವೆಂದೂ ಸ್ಪಷ್ಟವಾಗಿ ಹೇಳಿರುವನು. ಯಾವುದು ದೇಶ, ಯಾವುದು ಅಲ್ಲ ಎಂಬ ತೀರ್ಮಾನವನ್ನು ಸಹ ಆತನು ತನ್ನ ತಲೆಗೆ ಕಟ್ಟಿಕೊಳ್ಳದೆ, ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಎರಡಕ್ಷರಗಳ ಪಟ್ಟಿಯನ್ನು ಇದ್ದಂತೆಯೇ ಸ್ವೀಕರಿಸಿದನು. ಮಠದ ಆಸ್ತಿಯನ್ನು ನೋಡಿಕೊಳ್ಳುವ ಸಜ್ಜನ ಪಾರುಪತ್ಯಗಾರನೊಬ್ಬನು ಬರೆದಂತಿರುವ ಆ ಪತ್ರದ ಮೇಲೆ ಇಂದಿನ ಪೇಟೆ ಎದ್ದು ನಿಂತಿರುವುದು ಕಾಲದ ವಿನೋದವೇ ಸರಿ.

ದೇಶಗಳು ತಾವೇ ಈ ಪೇಟೆಗೆ ಇಳಿದುದೂ ಉಂಟು. ಶಾಂತಸಾಗರದ ಪುಟ್ಟ ದ್ವೀಪರಾಷ್ಟ್ರವಾದ ತುವಾಲುವಿಗೆ ಪಟ್ಟಿಯಲ್ಲಿ ಸಿಕ್ಕಿದ ಅಕ್ಷರಗಳು 'ಟಿವಿ'. ದೂರದರ್ಶನವನ್ನು ನೆನಪಿಸುವ ಆ ಅಕ್ಷರಗಳಿಂದ ಬಂದ ಹಣವು 2000ದಲ್ಲಿ ಅದು ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯುವುದಕ್ಕೆ ನೆರವಾಯಿತು. ಕೆರಿಬಿಯನ್ನಿನ ಆಂಗ್ವಿಲ್ಲಾಕ್ಕೆ ಬಂದುದು 'ಎಐ'. ಕೃತಕ ಬುದ್ಧಿಯ ಭರಾಟೆಯಲ್ಲಿ 2023ರಲ್ಲಿ ಆ ಅಕ್ಷರಗಳಿಂದಲೇ ಸುಮಾರು 3 ಕೋಟಿ 20 ಲಕ್ಷ ಡಾಲರ್, ಎಂದರೆ ಸರ್ಕಾರದ ಆದಾಯದ ಐದನೆಯ ಒಂದು ಪಾಲು, ಅದರ ಬೊಕ್ಕಸಕ್ಕೆ ಸೇರಿತು. ಹೊಲದಲ್ಲಿ ದೊರೆತ ನಿಧಿಯಂತೆ ಇದು ಯಾರ ದುಡಿಮೆಯ ಫಲವೂ ಅಲ್ಲ; ಆದರೂ ಇಡೀ ಜನಕ್ಕೆ ಬಂದ ನಿಧಿಯಾದುದರಿಂದ ನಾನು ಆ ದ್ವೀಪವಾಸಿಗಳನ್ನು ಆಕ್ಷೇಪಿಸಲಾರೆ. ಆಕ್ಷೇಪಣೆ ಹುಟ್ಟುವುದು ಒಬ್ಬನು ಬಹುಜನರ ಹೆಸರನ್ನು ತಿಜೋರಿಗೆ ಸೇರಿಸಿದಾಗ.

ಚಿಕ್ಕೋಡಿ ನಿಪ್ಪಾಣಿ ರಾಯಬಾಗ ಅಥಣಿಗಳ ಈ ಸೀಮೆಯಲ್ಲಿ ಪರಿಗ್ರಹದ ಪ್ರಶ್ನೆಯನ್ನೆತ್ತಿದರೆ ಉತ್ತರ ಹೇಳಬಲ್ಲವರು ಊರೂರಿಗೂ ಇದ್ದಾರೆ; ಏಕೆಂದರೆ ಇದು ಶ್ರಾವಕರ, ಎಂದರೆ ಜೈನ ಗೃಹಸ್ಥರ, ನಾಡು. 1872ರಲ್ಲಿ ಇದೇ ಸೀಮೆಯ ಭೋಜ ಗ್ರಾಮದ ಪಾಟೀಲರ ಮನೆತನದಲ್ಲಿ ಸಾತಗೌಡನೆಂಬ ಹೆಸರಿನಿಂದ ಹುಟ್ಟಿದವರು, ಮುಂದೆ ದಿಗಂಬರ ದೀಕ್ಷೆ ಹೊಂದಿ ಆಚಾರ್ಯ ಶಾಂತಿಸಾಗರರಾಗಿ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನವೆಂಬ ಉಪವಾಸವ್ರತದಿಂದ ದೇಹವನ್ನು ಬಿಟ್ಟರು. ಮುನಿಯಾದವನು ಹೊಲಮನೆಗಳೊಡನೆ, ಉಟ್ಟ ಬಟ್ಟೆಯೊಡನೆ, ಹುಟ್ಟುಹೆಸರನ್ನೂ ಬಿಡುವನು. ಬಿಡುವ ವಸ್ತುಗಳ ಸಾಲಿನಲ್ಲಿ ಹೆಸರೂ ಸೇರಿರುವುದರಿಂದ, ಅದು ಹಿಡಿಯುವ ವಸ್ತುಗಳ ಸಾಲಿನಲ್ಲಿಯೂ ಸೇರುವುದೆಂದು ನಾವು ಊಹಿಸಿದರೆ ತಪ್ಪಾಗದು.

ಗೃಹಸ್ಥನಿಗೆ ವಿಧಿಸಿದ ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿಗೊಳಿಸಬೇಕಾದ ವಸ್ತುಗಳನ್ನು ತತ್ತ್ವಾರ್ಥಸೂತ್ರದ ಕರ್ತೃವಾದ ಉಮಾಸ್ವಾಮಿಗಳು ಎಣಿಸಿದ್ದಾರೆ: ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ದಾಸೀದಾಸರು, ಬಟ್ಟೆಪಾತ್ರೆಗಳು. ಹೆಸರು ಅಲ್ಲಿ ಬರುವುದಿಲ್ಲ. ಆದರೆ ಪರಿಗ್ರಹವೆಂದರೇನೆಂದು ಲಕ್ಷಣ ಹೇಳುವಾಗ ಅವರು ವಸ್ತುವನ್ನು ಬಿಟ್ಟು ಚಿತ್ತವನ್ನು ಹಿಡಿದರು. ಅವರ ಮತದಲ್ಲಿ ಪರಿಗ್ರಹವು ಮೂರ್ಛೆ, ಎಂದರೆ ಇದು ನನ್ನದೆಂಬ ಮಂಪರು. ಈ ಲಕ್ಷಣವನ್ನು ಒಪ್ಪಿದರೆ ಹೆಸರಿಗೆ ತೂಕವಿಲ್ಲ, ಅದು ಜಾಗ ಆಕ್ರಮಿಸುವುದಿಲ್ಲ, ಆದುದರಿಂದ ಸಾವಿರ ಹೆಸರುಗಳಿದ್ದರೂ ನಾನು ಅಪರಿಗ್ರಹಿಯೇ ಎಂಬ ವಾದಕ್ಕೆ ನೆಲೆ ಉಳಿಯದು. ತೂಕವಿಲ್ಲದುದರ ಮೇಲಿನ ಮೂರ್ಛೆಯೇ ಹೆಚ್ಚು ಗಾಢವಾಗಬಹುದೆಂದು ತೋರುವುದು. ಏಕೆಂದರೆ ಕಣಜ ತುಂಬಿದಾಗ ರೈತನಿಗೆ ಸಾಕೆನಿಸಬಹುದು, ಹೆಸರಿನ ಕಣಜ ತುಂಬುವುದೇ ಇಲ್ಲ.

ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ ಬರುವ ನಿಕ್ಷೇಪಗಳ ವಿಚಾರವು ಈ ವ್ಯಾಪಾರವನ್ನು ಕಣ್ಣಿಗೆ ಕಟ್ಟುವಂತೆ ಬಿಡಿಸಿ ತೋರಿಸುತ್ತದೆ. ಶಬ್ದವೊಂದನ್ನು ವಸ್ತುವಿಗೆ ಅನ್ವಯಿಸುವ ಬಗೆಗಳಾದ ಈ ನಿಕ್ಷೇಪಗಳು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂದು ನಾಲ್ಕು. ಇಂದ್ರನ ಯಾವ ಗುಣವೂ ಇಲ್ಲದ ಹುಡುಗನಿಗೆ ಇಂದ್ರನೆಂದು ಹೆಸರಿಟ್ಟರೆ ಅದು ನಾಮ. ಪ್ರತಿಮೆಯಲ್ಲಿ ಇಂದ್ರನನ್ನು ಭಾವಿಸಿದರೆ ಸ್ಥಾಪನಾ. ಮುಂದೆ ಇಂದ್ರನಾಗಲಿರುವ ಜೀವವನ್ನು ಈಗಲೇ ಹಾಗೆ ಕರೆದರೆ ದ್ರವ್ಯ. ಸಿಂಹಾಸನದ ಮೇಲೆ ಕುಳಿತು ಆಳುತ್ತಿರುವವನನ್ನು ಕರೆದರೆ ಭಾವ. ಹೂಡಿಕೆದಾರನು ಹಿಡಿದಿಟ್ಟ ವಿಳಾಸವನ್ನು ತೆರೆದು ನೋಡಿದರೆ ಅಲ್ಲಿ ಸಾಧಾರಣವಾಗಿ ಕಾಣುವುದು ಬರಿಯ ಪುಟದ ಮೇಲೆ 'ಈ ಹೆಸರು ಮಾರಾಟಕ್ಕಿದೆ' ಎಂಬ ಒಂದು ವಾಕ್ಯ, ಅದರ ಕೆಳಗೆ ಬೆಲೆ ಕೇಳುವ ಒಂದು ಚೌಕ. ಅಲ್ಲಿರುವುದು ನಾಮಮಾತ್ರ; ಆತನು ಅದನ್ನು ದ್ರವ್ಯವೆಂದು ಬಗೆದು ಭಾವದ ಬೆಲೆಗೆ ಮಾರಲು ಕುಳಿತಿರುವನು. ಆ ಭಾವವನ್ನು ತುಂಬುವವರು ಬೇರೊಬ್ಬರು. ಊರಿನ ಹೆಸರಿಗೆ ಬೆಲೆ ಬರುವುದು ಆ ಊರಿನಲ್ಲಿ ಬೆವರು ಸುರಿಸಿದವರಿಂದ, ಒಂದು ವಸ್ತುವಿನ ಹೆಸರಿಗೆ ಬೆಲೆ ಬರುವುದು ಅದನ್ನು ಮಾಡಿದ ಕೈಗಳಿಂದ.

ಇಲ್ಲಿ ಹೂಡಿಕೆದಾರನ ಪಕ್ಷವನ್ನೂ ಆಲಿಸಬೇಕು. ಹಣ ನನ್ನದು, ಮುಂಗಾಣ್ಕೆ ನನ್ನದು, ಯಾರಿಗೂ ಬೇಡವಾಗಿ ಬಿದ್ದಿದ್ದಾಗ ವರ್ಷವರ್ಷವೂ ಶುಲ್ಕ ಕಟ್ಟಿದವನು ನಾನು, ಬಹಳ ಹೆಸರುಗಳು ಮಾರಾಟವಾಗದೆ ನಷ್ಟವಾದಾಗ ಯಾರೂ ನನ್ನ ಕಣ್ಣೀರೊರೆಸಲಿಲ್ಲ ಎಂದು ಆತನು ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ತಾನೇ ಹೊಸದಾಗಿ ಕಲ್ಪಿಸಿದ ಪದವೊಂದನ್ನೋ, ಯಾರನ್ನೂ ಸೂಚಿಸದ ಸಾಮಾನ್ಯ ಶಬ್ದವೊಂದನ್ನೋ ಹಿಡಿದು ಮಾರಿದರೆ ಅದು ವಾಣಿಜ್ಯ. ವಾಣಿಜ್ಯವು ಶ್ರಾವಕನಿಗೆ ನಿಷಿದ್ಧವಲ್ಲ. ಮತ್ತೊಬ್ಬರ ಹೆಸರಿನ ನೆರಳಿನಂತಹ ಹೆಸರನ್ನು ಹಿಡಿದಾಗ ಮಾತ್ರ ಆತನು ಪರಿಗ್ರಹದ ಪ್ರದೇಶವನ್ನು ದಾಟಿ ಚೌರ್ಯದ ಗಡಿಯೊಳಗೆ ಕಾಲಿಡುವನು. ಅಚೌರ್ಯವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ, ಎಂದರೆ ವ್ರತಕ್ಕೆ ತಗಲುವ ದೋಷಗಳಲ್ಲಿ, ಕಡೆಯದು ಪ್ರತಿರೂಪಕ ವ್ಯವಹಾರ: ಅಸಲನ್ನು ಹೋಲುವ ನಕಲನ್ನು ಮಾರುವುದು. ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ವ್ಯಾಜ್ಯವೊಂದರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಬಹುತೇಕ ಈ ಮಾತನ್ನೇ ಬೇರೆ ಪರಿಭಾಷೆಯಲ್ಲಿ ಹೇಳಿತು. ಸತ್ಯಂ ಇನ್ಫೋವೇ ಕಂಪನಿಯು ತನ್ನ ಹೆಸರಿನ ತುಣುಕುಗಳನ್ನು ಜೋಡಿಸಿ 'ಸಿಫಿ' ಎಂಬ ಪದವನ್ನು ಮಾಡಿಕೊಂಡು 1999ರಲ್ಲಿ ನೋಂದಾಯಿಸಿತ್ತು. 2001ರಲ್ಲಿ ಇನ್ನೊಂದು ಕಂಪನಿಯು ಆ ಪದದಲ್ಲಿ 'ಎಫ್' ಅಕ್ಷರವೊಂದನ್ನು ಹೆಚ್ಚಿಗೆ ಸೇರಿಸಿ 'ಸಿಫ್ಫಿನೆಟ್' ಎಂಬುದನ್ನು ಹಿಡಿಯಿತು. ಸಿವಿಲ್ ನ್ಯಾಯಾಲಯ ಕೊಟ್ಟ ತಡೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ತೆಗೆದುಹಾಕಿತು. 2004ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ಸ್ಥಾಪಿಸಿ, ಅಂತರಜಾಲದ ಹೆಸರೂ ವ್ಯಾಪಾರದ ಗುರುತಾಗಿ ರಕ್ಷಣೆಗೆ ಅರ್ಹವೆಂದು ಸಾರಿತು. ಅದು 'ಡಾಟ್ ಕಾಮ್' ಹೆಸರಿನ ತಕರಾರು. 'ಡಾಟ್ ಇನ್' ವಿವಾದಗಳಿಗಾಗಿ ಆಮೇಲೆ ಪ್ರತ್ಯೇಕ ನಿಯಮಾವಳಿಯೇ ಬಂದಿತು. ಅದರಲ್ಲಿ ನಿಷ್ಕರ್ಷೆಯಾಗುವ ಒಂದು ಅಂಶವು ಹೆಸರು ಹಿಡಿದವನ ದುರುದ್ದೇಶ. ಆದರೆ ವಾದಿಯಾಗಬೇಕಾದರೆ ಆ ಹೆಸರಿನಲ್ಲಿ ತನಗೆ ಹಕ್ಕಿದೆಯೆಂದು ತೋರಿಸಬೇಕು. ಕಂಪನಿಗೆ ಅದು ಸುಲಭ. ಹೊಲಗದ್ದೆಗಳ ನಡುವಿನ ಹಳ್ಳಿಗೆ ವ್ಯಾಪಾರಚಿಹ್ನೆ ಎಲ್ಲಿಂದ ಬರಬೇಕು?

ಕಾನೂನು ಹಳ್ಳಿಯವರ ಹೆಸರನ್ನು ಕಾಯಲು ಬೇರೊಂದು ದಾರಿಯನ್ನು ಕಂಡುಕೊಂಡುದುಂಟು, ಅದರ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಕೊಲ್ಹಾಪುರಿ ಚಪ್ಪಲಿ ಎಂದು ಲೋಕವೆಲ್ಲ ಕರೆಯುವ ಪಾದರಕ್ಷೆಯಲ್ಲಿ ಅಥಣಿ, ಮದಭಾವಿ, ನಿಪ್ಪಾಣಿಗಳ ಕುಶಲಿಗರ ಕೈಕೆಲಸ ಎಷ್ಟೋ ತಲೆಮಾರುಗಳಿಂದ ಸೇರಿದೆ. ಜಾಲಿಯ ತೊಗಟೆ ಅಳಲೆಕಾಯಿಗಳಲ್ಲಿ ಹದಮಾಡಿದ ತೊಗಲನ್ನು ಕೊಯ್ದು, ಮೊಳೆಯ ಹಂಗಿಲ್ಲದೆ ತೊಗಲಿನ ದಾರದಿಂದಲೇ ಹೊಲಿದು, ಪೇಟೆಯಿದ್ದ ಊರಿನ ಹೆಸರಿನಲ್ಲಿ ಅವರು ಅದನ್ನು ಮಾರಿದರು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರ ತವರೆಂದು ದಾಖಲಾದವು. ಈ ಮಾನ್ಯತೆಯ ಕಾನೂನು 1999ರದು. ಅದರಲ್ಲಿ ನನಗೆ ಅತ್ಯಂತ ಹಿಡಿಸಿದ ಕಲಮು ಯಾವುದೆಂದರೆ, ಹೀಗೆ ನೋಂದಾಯಿತವಾದ ಹೆಸರನ್ನು ಯಾರೂ ಯಾರಿಗೂ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ವರ್ಗಾಯಿಸುವಂತಿಲ್ಲ ಎಂಬುದು. ಮಾಡುವವನಿಗೆ ಬಳಸುವ ಅಧಿಕಾರವಿದೆ, ಮಾರುವ ಅಧಿಕಾರವಿಲ್ಲ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿಯು ಇದನ್ನೇ ಹೋಲುವ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರೆತ್ತದೆ ಮೆರೆಸಿ, ಗದ್ದಲವೆದ್ದ ಮೇಲೆ ಭಾರತದ ಕುಶಲಕರ್ಮದಿಂದ ಸ್ಫೂರ್ತಿ ಪಡೆದುದಾಗಿ ಒಪ್ಪಿಕೊಂಡಿತು. ಅಲ್ಲಿ ವಸ್ತು ಹೋಗಿ ಹೆಸರು ಉಳಿದಿತ್ತು. ಹೂಡಿಕೆದಾರನ ಲೋಕದಲ್ಲಿ ಹೆಸರು ಹೋಗಿ ವಸ್ತು ಉಳಿಯುವುದು. ಎರಡರಲ್ಲಿಯೂ ಬರಿಗೈಯಾಗುವವನು ತೊಗಲು ಹೊಲಿದವನೇ.

ಹೆಸರಿಗೆ ಒಡೆಯನಿಲ್ಲವೆಂದ ಮಾತ್ರಕ್ಕೆ ಅದು ಯಾರು ಏನು ಬೇಕಾದರೂ ಮಾಡಬಹುದಾದ ಅನಾಥ ವಸ್ತುವಾಗುವುದಿಲ್ಲ. ದಿಗ್ಗೇವಾಡಿಯನ್ನು ಹಾಯ್ದ ಕೃಷ್ಣೆ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುವಳು. ಬಸವಣ್ಣನವರ ವಚನಗಳ ಅಂಕಿತವು ಆ ಸಂಗಮದ ದೇವನದು. ತಮ್ಮ ನುಡಿಯ ಕೊನೆಗೆ ತಮ್ಮ ಹೆಸರನ್ನು ಹಾಕದೆ ದೇವರ ಹೆಸರನ್ನಿಟ್ಟ ಶರಣರು ಕರ್ತೃತ್ವವನ್ನೇ ದಾಸೋಹಕ್ಕೆ ಸಲ್ಲಿಸಿದಂತಾಯಿತು. ಆದರೂ ಆ ಅಂಕಿತವನ್ನು ಬದಲಿಸಿ ಪ್ರಕಟವಾದ ಪುಸ್ತಕವೊಂದನ್ನು 1998ರಲ್ಲಿ ಕರ್ನಾಟಕ ಸರ್ಕಾರವು ಮುಟ್ಟುಗೋಲು ಹಾಕಿಕೊಂಡಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಮುಟ್ಟುಗೋಲು ಹಾಕುವುದು ನನಗೆ ಪ್ರಿಯವಾದ ವಿಧಾನವಲ್ಲ. ಆದರೆ ಯಾರ ಖಾತೆಯಲ್ಲಿಯೂ ಇಲ್ಲದ ಹೆಸರಿಗೆ ಇಷ್ಟು ಮಂದಿ ಕಾವಲುಗಾರರಿದ್ದುದು ಗಮನಿಸತಕ್ಕ ಸಂಗತಿ.

ಇಟ್ಟುಕೊಳ್ಳುವ ಮಿತಿ ಎಷ್ಟೆಂಬ ಪ್ರಶ್ನೆಗೆ ಶ್ರಾವಕಾಚಾರವೂ ಶರಣಮಾರ್ಗವೂ ಒಂದೆಡೆ ಸಂಧಿಸುತ್ತವೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ಒಳಗಿಡಲೊಪ್ಪದೆ ತಂದಲ್ಲಿಯೇ ಸುರಿದು ಬರುವಂತೆ ಕಳಿಸಿದ ಕಥೆಯನ್ನು ಇಲ್ಲಿ ತಿಳಿಯದವರಿಲ್ಲ. ಚೆಲ್ಲಿದ ಅಕ್ಕಿ ಯಾರದೂ ಅಲ್ಲ, ಆಯುವುದಕ್ಕೆ ಯಾರ ತಡೆಯೂ ಇರಲಿಲ್ಲ. ಮೊದಲು ಬಂದವನಿಗೆ ಮೊದಲ ಮಣೆಯೆಂಬ ನಿಯಮ ಅಲ್ಲಿಯೂ ಇತ್ತು. ಲಕ್ಕಮ್ಮ ಅಕ್ಕಿಯ ಒಡೆಯನಾರೆಂದು ಕೇಳಲಿಲ್ಲ, ಇಂದಿನ ಅಡಿಗೆಗೆ ಎಷ್ಟು ಬೇಕೆಂದು ಕೇಳಿದಳು.

ಹೆಸರುಗಳಲ್ಲಿ ವ್ಯವಹರಿಸುವ ಗೃಹಸ್ಥನಿಗೆ ಈ ಪ್ರಶ್ನೆಯನ್ನು ತಾನೇ ಕೇಳಿಕೊಳ್ಳುವ ಸಂದರ್ಭ ಪ್ರತಿ ವರ್ಷವೂ ಒದಗುವುದು. ಅವಧಿ ಮುಗಿಯಲಿದೆ, ಶುಲ್ಕ ಕಟ್ಟಿರೆಂದು ನೋಂದಣಿದಾರರ ಸೂಚನೆ ಬಂದಾಗ, ತಾನು ನಡೆಸುತ್ತಿರುವ ಕಾಯಕಕ್ಕೆ ಬೇಕಾದ ಹೆಸರನ್ನು ನವೀಕರಿಸಿ, ಊರಿನದೋ ಕುಶಲಿಗರದೋ ಆದ ಹೆಸರನ್ನು ನವೀಕರಿಸದೆ ಬಿಡಬಹುದು. ಇನ್ನೂ ಮೇಲೆಂದರೆ, ಆ ಊರಿನ ಪಂಚಾಯಿತಿಗೋ ಸಂಘಕ್ಕೋ ತಾನು ಕಟ್ಟಿದ ಶುಲ್ಕವನ್ನಷ್ಟೇ ಪಡೆದು ಒಪ್ಪಿಸಬಹುದು. ಈಗ ಕನ್ನಡ ಲಿಪಿಯಲ್ಲಿಯೇ 'ಡಾಟ್ ಭಾರತ' ಎಂಬ ಕೊನೆಯುಳ್ಳ ಹೆಸರುಗಳು ದೊರೆಯುವುದರಿಂದ, ಅಥಣಿಯ ಚಪ್ಪಲಿಯವರು ಯಾವ ವ್ಯಾಪಾರಿಯ ಬಾಗಿಲನ್ನೂ ತಟ್ಟದೆ ತಮ್ಮ ಅಕ್ಷರಗಳಲ್ಲಿಯೇ ತಮ್ಮ ಹೆಸರನ್ನು ಬರೆಸಿಕೊಳ್ಳಲು ಅವಕಾಶವಿದೆ; ಯಂತ್ರವು ಆ ಕನ್ನಡವನ್ನು ತನ್ನೊಳಗೆ 'ಎಕ್ಸ್ ಎನ್' ಎಂದು ಮೊದಲಾಗುವ ಯಾರಿಗೂ ಓದಲು ಬಾರದ ರೋಮನ್ ಅಕ್ಷರಗಳ ಸರಪಳಿಯಾಗಿ ಇಟ್ಟುಕೊಳ್ಳುವುದಾದರೂ, ಹೊರಗೆ ತೋರಿಸುವಾಗ ಅಥಣಿಯನ್ನು ಅಥಣಿಯೆಂದೇ ತೋರಿಸುತ್ತದೆ. ಅವರು ಹಿಂದೆಮುಂದೆ ನೋಡುತ್ತ ಕುಳಿತರೆ ಬೇರೆ ಯಾರಾದರೂ ಹಿಡಿದಾರು, ಆಗ ಅಪರಿಗ್ರಹವನ್ನು ಕುರಿತು ನಾನು ಬರೆದುದು ಅವರ ಯಾವ ಉಪಯೋಗಕ್ಕೂ ಬಾರದು.