ಬಡ್ತಿ ಯಾರದು, ಬೆಲೆ ಯಾರದು?

ಮುಧೋಳ ತಾಲೂಕಿನ ತಿಮ್ಮಾಪುರದ ಕಡೆ ನಸುಕಿನಲ್ಲಿ ಹೊರಟರೆ ಕಬ್ಬಿನ ಹೊಲಗಳ ನಡುವಿನ ರಸ್ತೆಯಲ್ಲಿ ಓಡುವ ಹುಡುಗರು ಎದುರಾಗುತ್ತಾರೆ. ಸೈನ್ಯದ ಭರ್ತಿಗೆ ತಯಾರಿ ಅದು. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ, ನಾಲ್ಕು ವರ್ಷ ಮುಗಿಸಿದವರಲ್ಲಿ ನೂರಕ್ಕೆ 25 ಮಂದಿಯವರೆಗೆ ಮಾತ್ರ ಮುಂದುವರಿಸುವುದಾಗಿ ಸರಕಾರ ಹೇಳಿತು. ಆದರೂ ಓಟ ನಿಂತಿಲ್ಲ. ಸಾಲ ತೀರಬೇಕು, ತಂಗಿಯ ಮದುವೆಯಾಗಬೇಕು, ಊರಲ್ಲಿ ನಾಲ್ಕು ಜನ ಗೌರವ ಕೊಡಬೇಕು. ಇದನ್ನು ಮಹತ್ವಾಕಾಂಕ್ಷೆ ಎನ್ನಲೂ ನಮಗೆ ಸಂಕೋಚವಾಗುತ್ತದೆ. ಬದುಕಿನ ಆಸೆ ಎಂದರೆ ಸಾಕು.

ಅಂಥ ಕೆಲವು ಹುಡುಗರೊಡನೆ ಕುಳಿತು ನಾವು ಒಂದು ಹಳೆಯ ಚಿತ್ರ ನೋಡಿದೆವು. 1957ರಲ್ಲಿ ಸ್ಟಾನ್ಲಿ ಕುಬ್ರಿಕ್ ನಿರ್ದೇಶಿಸಿದ 'ಪಾಥ್ಸ್ ಆಫ್ ಗ್ಲೋರಿ'. ಮೊದಲ ಮಹಾಯುದ್ಧದ ಫ್ರೆಂಚ್ ಸೈನ್ಯದ ಕತೆ. ಶತ್ರುವಿನ ಕೈಯಲ್ಲಿರುವ ಒಂದು ಗುಡ್ಡವನ್ನು ಹಿಡಿಯಬೇಕೆಂದು ಹಿರಿಯ ಜನರಲ್ ಬಂದು ಹೇಳುತ್ತಾನೆ. ಜನರಲ್ ಮಿರೋ ಮೊದಲು ಒಪ್ಪುವುದಿಲ್ಲ. ಸಾಧ್ಯವಿಲ್ಲ, ನನ್ನ ಸೈನಿಕರ ಪ್ರಾಣ ನನಗೆ ಮುಖ್ಯ ಎನ್ನುತ್ತಾನೆ. ಆಗ ಹಿರಿಯನು ಬಡ್ತಿಯ ಮಾತನ್ನು ಹಗುರಾಗಿ ತೇಲಿಬಿಡುತ್ತಾನೆ. ಗುಡ್ಡ ತಗ್ಗುವುದಿಲ್ಲ, ಶತ್ರುವಿನ ಬಂದೂಕುಗಳು ಕಡಿಮೆಯಾಗುವುದಿಲ್ಲ. ಆದರೆ ಅಸಾಧ್ಯವಾದದ್ದು ಕೆಲವೇ ನಿಮಿಷಗಳಲ್ಲಿ ಸಾಧ್ಯವೆಂದು ತೋರತೊಡಗುತ್ತದೆ.

ದಾಳಿ ಸೋಲುತ್ತದೆ. ಕಂದಕದಿಂದ ಮೇಲೇಳದ ತನ್ನದೇ ಸೈನಿಕರ ಮೇಲೆ ಫಿರಂಗಿ ಹಾರಿಸುವಂತೆ ಮಿರೋ ಆಜ್ಞಾಪಿಸುತ್ತಾನೆ. ಫಿರಂಗಿದಳದ ಕ್ಯಾಪ್ಟನ್ ಲಿಖಿತ ಆದೇಶ ಕೊಡಿ ಎಂದು ಪಟ್ಟು ಹಿಡಿಯುತ್ತಾನೆ. ಕೊನೆಗೆ ಹೇಡಿತನದ ಆರೋಪ ಹೊರಿಸಿ ಮೂವರು ಸೈನಿಕರನ್ನು ಗುಂಡಿಕ್ಕಿ ಕೊಲ್ಲಲಾಗುತ್ತದೆ. ಒಬ್ಬನನ್ನು ಆರಿಸಿದ್ದು ಚೀಟಿ ಎತ್ತಿ. ಇದು ಬರೀ ಕಲ್ಪನೆಯಲ್ಲ. 1915ರ ಮಾರ್ಚ್‌ನಲ್ಲಿ ಸುಆಂ ಎಂಬಲ್ಲಿ ಫ್ರೆಂಚ್ ಸೈನ್ಯವು ತನ್ನವರೇ ಆದ ನಾಲ್ವರು ಕಾರ್ಪೊರಲ್‌ಗಳನ್ನು ಹೀಗೆಯೇ ಕೊಂದಿತ್ತು. ಅವರು ನಿರ್ದೋಷಿಗಳೆಂದು ಒಪ್ಪಿಕೊಳ್ಳಲು 1934 ಬರಬೇಕಾಯಿತು. ಫ್ರಾನ್ಸಿನ ಪ್ರೇಕ್ಷಕರು ಈ ಚಿತ್ರ ನೋಡಿದ್ದೂ 1975ರಲ್ಲಿ.

ಚಿತ್ರ ಮುಗಿದಾಗ ಹುಡುಗನೊಬ್ಬ ಕೇಳಿದ: "ಪ್ರಮೋಷನ್ ಬೇಕಂದ್ರ ತಪ್ಪೇನ್ರಿ?"

ನಾವು ಕೂಡಲೇ ಉತ್ತರಿಸಲಿಲ್ಲ. ತಪ್ಪು ಎನ್ನುವುದು ಸುಲಭ. ಆದರೆ ಅದು ಸುಳ್ಳು. ಮೇಲೇರುವ ಆಸೆಯೇ ಇಲ್ಲದ ಅಧಿಕಾರಿ ಒಳ್ಳೆಯ ಅಧಿಕಾರಿಯಾಗುತ್ತಾನೆಂದು ಯಾರು ಹೇಳಿದರು? ಶಿಕ್ಷಕ, ವೈದ್ಯ, ಗುಮಾಸ್ತ ಎಲ್ಲರೂ ಬಡ್ತಿ ಬಯಸುತ್ತಾರೆ. ಓಡುವ ಹುಡುಗನೂ ಆಸೆಪಡುತ್ತಾನೆ, ಆದರೆ ಅದರ ಬೆಲೆಯನ್ನು ತನ್ನ ಕಾಲುಗಳಿಂದಲೇ ತೆರುತ್ತಾನೆ. ಮಿರೋ ತೆರುವುದು ಇನ್ನೊಬ್ಬರ ಮಕ್ಕಳಿಂದ. ಎರಡನ್ನೂ ನಾವು ಒಂದೇ ಶಬ್ದದಿಂದ ಕರೆಯುತ್ತಿರುವುದರಲ್ಲೇ ಗೊಂದಲವಿದೆ.

ಇನ್ನೊಂದು ಸಂಗತಿಯೂ ಇದೆ. ಸೈನಿಕರ ಪರ ಹೋರಾಡಿದ ಕರ್ನಲ್ ಡಾಕ್ಸ್‌ನಿಗೆ ಹಿರಿಯ ಜನರಲ್ ಕೊನೆಯಲ್ಲಿ ಮಿರೋನ ಹುದ್ದೆಯನ್ನೇ ಕೊಡಲು ಹೊರಡುತ್ತಾನೆ. ಇಷ್ಟೆಲ್ಲ ಹೋರಾಡಿದ್ದು ಅದಕ್ಕಾಗಿಯೇ ಎಂಬ ಪೂರ್ಣ ನಂಬಿಕೆ ಅವನದು. ಕರುಣೆಯನ್ನೂ ಬಡ್ತಿಯ ತಂತ್ರವೆಂದೇ ಓದುವ ಕಣ್ಣು ಅದು. ಚಿತ್ರದಲ್ಲಿ ಫಿರಂಗಿಯ ಆಜ್ಞೆಗಿಂತ ನಮ್ಮನ್ನು ಹೆಚ್ಚು ಬೆಚ್ಚಿಸಿದ್ದು ಈ ದೃಶ್ಯವೇ.

ಪರದೇಶದ ಕತೆ ಎಂದು ಬದಿಗಿಡುವಂತಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ, 1959ರಲ್ಲಿ, ರಾಜೀನಾಮೆ ಕೊಟ್ಟು ನೆಹರೂ ಅವರ ಮಾತಿನ ಮೇರೆಗೆ ಹಿಂತೆಗೆದುಕೊಂಡರು. ರಕ್ಷಣಾ ಸಚಿವ ಕೃಷ್ಣ ಮೆನನ್‌ರೊಡನೆ ಅವರಿಗಿದ್ದ ಭಿನ್ನಾಭಿಪ್ರಾಯಗಳಲ್ಲಿ ಬಡ್ತಿಯ ಪ್ರಶ್ನೆಯೂ ಒಂದು. ಬಿ.ಎಂ. ಕೌಲ್ ಲೆಫ್ಟಿನೆಂಟ್ ಜನರಲ್ ಆದದ್ದು ಆ ವರ್ಷವೇ. 1962ರ ಅಕ್ಟೋಬರ್‌ನಲ್ಲಿ, ನಾಮ್ಕಾ ಚು ಹೊಳೆಯ ಬಳಿ ಚೀನೀಯರನ್ನು ಹಿಮ್ಮೆಟ್ಟಿಸುವ ಯೋಜನೆಗೆ ಆಕ್ಷೇಪ ಎತ್ತಿದ ಉಮ್ರಾವ್ ಸಿಂಗ್ ಅವರ ಕೈಯಿಂದ ಆ ಹೊಣೆ ತಪ್ಪಿ, ಹೊಸದಾಗಿ ಕಟ್ಟಿದ 4ನೇ ಕೋರ್‌ನೊಂದಿಗೆ ಕೌಲ್ ಅವರಿಗೆ ಬಂತು. ಆಗದು ಎಂದವರು ಬದಿಗೆ ಸರಿದರು, ಆಗುತ್ತದೆ ಎಂದವರು ಮುಂದೆ ಬಂದರು. ಅಲ್ಲಿದ್ದ 7ನೇ ಬ್ರಿಗೇಡ್‌ನ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕು, ಮರಳಿ ಬಂದು ಬರೆದ 'ಹಿಮಾಲಯನ್ ಬ್ಲಂಡರ್' ರವಿ ಬೆಳಗೆರೆಯವರ ಮೂಲಕ ಕನ್ನಡದ ಮನೆಮನೆಗೂ ತಲುಪಿದೆ.

ಕೌಲ್ ಅವರಿಗೂ ನ್ಯಾಯ ಸಲ್ಲಬೇಕು. ಅವರು ಆ ಎತ್ತರದ ಹಾದಿಯಲ್ಲಿ ತಾವೇ ನಡೆದು ಹೊಳೆಯ ದಂಡೆಗೆ ಹೋದರು, ಕಾಯಿಲೆ ಬಿದ್ದದ್ದೂ ಆಮೇಲೆಯೇ. ಮಿರೋನಂತೆ ಅವರನ್ನು ಖಳನಾಯಕನಾಗಿ ಚಿತ್ರಿಸಿದರೆ ಸಚಿವರು, ದಿಲ್ಲಿಯ ಕಡತಗಳು, ಆವೇಶದ ಭಾಷಣಗಳು ಎಲ್ಲವೂ ಪಾರಾಗುತ್ತವೆ. ಆದರೂ ಅಕ್ಟೋಬರ್ 20ರ ಬೆಳಿಗ್ಗೆ ಚೀನಾ ದಾಳಿ ಮಾಡಿದಾಗ ಬ್ರಿಗೇಡ್ ಹೊಳೆಯ ದಂಡೆಯಲ್ಲೇ ಇತ್ತು, ಕೋರ್ ಕಮಾಂಡರ್ ದಿಲ್ಲಿಯಲ್ಲಿ ಹಾಸಿಗೆ ಹಿಡಿದಿದ್ದರು.

ನಮ್ಮ ಯುದ್ಧಚಿತ್ರಗಳು ಈ ಕಡೆ ಹೊರಳುವುದು ಕಡಿಮೆ. 1990ರ 'ಮುತ್ತಿನ ಹಾರ' ಸೈನಿಕನ ಸಂಸಾರದ ನೋವನ್ನು ಮನಮುಟ್ಟುವಂತೆ ತೋರಿತು. ನಾವೂ ಕಣ್ಣೀರು ಹಾಕಿದವರೇ. ಆದರೆ ಸತ್ತವನಿಗೆ ಅಳುವುದನ್ನು ಕಲಿಸಿದಷ್ಟು, ಅವನನ್ನು ಅಲ್ಲಿಗೆ ಕಳಿಸಿದ ನಿರ್ಧಾರ ಸರಿಯಿತ್ತೇ ಎಂದು ಕೇಳುವುದನ್ನು ನಮ್ಮ ಸಿನಿಮಾ ಕಲಿಸಿಲ್ಲ. ಕೇಳಿದರೆ ಸೈನ್ಯಕ್ಕೆ ಅವಮಾನ ಎನ್ನುವವರಿದ್ದಾರೆ. ದಳವಿ ಕೇಳಿದರಲ್ಲ, ಅವರೇನು ಸೈನ್ಯದ ಹೊರಗಿನವರೇ?

ಈ ಮಣ್ಣಿನವನೇ ಆದ ಒಬ್ಬ ಕವಿ ಅದನ್ನು ಸಾವಿರ ವರ್ಷಗಳ ಹಿಂದೆಯೇ ಮಾಡಿದ್ದ. ಮುಧೋಳದ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಕೊನೆಗೆ ಸ್ವಂತ ಮಗ ಲಕ್ಷಣಕುಮಾರನೂ ಅಲ್ಲಿದ್ದಾನೆ. ಸಿಂಹಾಸನದ ಲೆಕ್ಕವನ್ನು ಕವಿ ಅವನ ಪಾದಗಳಿಂದಲೇ ಮಾಡಿಸುತ್ತಾನೆ. ಮಿರೋ ದುರ್ಬೀನಿನಲ್ಲಿ ನೋಡಿದ್ದನ್ನು ದುರ್ಯೋಧನ ಎಡವುತ್ತ ದಾಟಬೇಕಾಯಿತು. ನಿರ್ಧಾರ ಮಾಡಿದವನು ಆ ಬಯಲಲ್ಲಿ ನಡೆಯಲೇಬೇಕೆಂಬ ನಿಯಮ ಯಾವ ಸೈನ್ಯದಲ್ಲೂ ಇಲ್ಲ.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆವು. ಬಡ್ತಿ ಬಯಸು, ಆದರೆ ಆ ಬಯಕೆ ಬಂದ ಕ್ಷಣದಲ್ಲೇ ಗುಡ್ಡ ತಗ್ಗಾಗಿ ಕಂಡರೆ ನಿನ್ನ ಕಣ್ಣನ್ನು ನಂಬಬೇಡ ಎಂದೆವು. ಅವನು ತಲೆಯಾಡಿಸಿದ, ಒಪ್ಪಿದನೋ ಇಲ್ಲವೋ ತಿಳಿಯದು. ಅವನ ಪಕ್ಕದವನಿಗೆ ಬೇರೆಯೇ ಕುತೂಹಲ. ಲಿಖಿತ ಆದೇಶ ಕೇಳಿದ ಆ ಫಿರಂಗಿ ಕ್ಯಾಪ್ಟನ್‌ಗೆ ಮುಂದೆ ಬಡ್ತಿ ಸಿಕ್ಕಿತೇ ಎಂದು ಕೇಳಿದ. ಚಿತ್ರದಲ್ಲಿ ಅದನ್ನು ತೋರಿಸಿಲ್ಲ.