ಒಡೆಯನ ಕೈ ಕಟ್ಟಿದಾಗ

ಒಡೆಯ ತಪ್ಪು ಮಾಡಿದ, ಸರ್ಕಾರ ಅವನ ಕೈ ಕಟ್ಟಿತು. ಸರಿ. ಆದರೆ ಆ ಕೈಯಿಂದಲೇ ಕೂಲಿ ಎಣಿಸಿಕೊಳ್ಳುತ್ತಿದ್ದವರ ಗತಿ ಏನು? ಅವರೂ ಶಿಕ್ಷೆಯಲ್ಲಿ ಪಾಲು ಪಡೀಬೇಕೆ? ಇಲ್ಲಾ, ಅವರ ಹೊಟ್ಟೆಯನ್ನು ನೆನೆದು ಒಡೆಯನನ್ನೇ ಬಿಟ್ಟುಬಿಡಬೇಕೆ? ಜೀತ ಮಾಡಿದ ಕೇರಿಗಳಿಗೆ ಇದು ಹಳೆಯ ಪ್ರಶ್ನೆ. ಅದನ್ನು ಮತ್ತೆ ನಮ್ಮ ಮುಂದೆ ತಂದಿಟ್ಟದ್ದು ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬು, ಚೆಲ್ಸಿ.

ಹೊಂಗನೂರಿನಲ್ಲಿ ಕೂತು ಚೆಲ್ಸಿ ಮಾತೇ ಅಂತ ಗೆಳೆಯರು ನಗಬಹುದು. ನಗಲಿ. ನಮ್ಮ ಕಡೆಯ ಹುಡುಗರು ಸಂತೆಯಲ್ಲಿ ಕೊಂಡ ನೀಲಿ ಅಂಗಿ ತೊಟ್ಟು ಓಡಾಡುತ್ತಾರೆ. ಆ ಅಂಗಿ ಯಾವ ತಂಡದ್ದು ಅಂದರೆ ಥಟ್ಟನೆ ಹೇಳ್ತಾರೆ. ಆ ತಂಡ ಯಾರದ್ದು ಅಂದರೆ ಮುಖ ನೋಡ್ತಾರೆ. ಈ ಎರಡನೇ ಪ್ರಶ್ನೆಗೇ ನಾವು ಇಲ್ಲಿ ಗಂಟು ಬಿದ್ದಿರುವುದು.

2003ರಲ್ಲಿ ರೋಮನ್ ಅಬ್ರಮೋವಿಚ್ ಎಂಬ ರಷ್ಯಾದ ಶ್ರೀಮಂತ ಚೆಲ್ಸಿಯನ್ನು ಸುಮಾರು 140 ಮಿಲಿಯನ್ ಪೌಂಡಿಗೆ ಕೊಂಡ. ಅವನ ದುಡ್ಡು ಎಲ್ಲಿಂದ ಬಂತು? ಸೋವಿಯತ್ ಒಕ್ಕೂಟ ಮುರಿದು ಬಿದ್ದ ಮೇಲೆ, 1995ರಲ್ಲಿ, ಸಿಬ್‌ನೆಫ್ಟ್ ಎಂಬ ಸರ್ಕಾರಿ ಎಣ್ಣೆ ಕಂಪನಿಯ ಒಡೆತನ ಸುಮಾರು 100 ಮಿಲಿಯನ್ ಡಾಲರಿಗೆ ಅವನೂ ಅವನ ಜೊತೆಗಾರರೂ ಇದ್ದ ಗುಂಪಿನ ಕೈ ಸೇರಿತು. ಹತ್ತು ವರ್ಷದ ಮೇಲೆ, 2005ರಲ್ಲಿ, ಅದೇ ಕಂಪನಿಯನ್ನು ರಷ್ಯಾ ಸರ್ಕಾರದ ಗ್ಯಾಸ್‌ಪ್ರೋಮ್ 13 ಬಿಲಿಯನ್ ಡಾಲರ್ ಕೊಟ್ಟು ವಾಪಸು ಕೊಂಡಿತು. ಜನರ ಎಣ್ಣೆಯನ್ನು ಕಾಸಿಗೆ ಕೊಂಡು ಜನರಿಗೇ ರೂಪಾಯಿಗೆ ಮಾರಿದ ಹಾಗೆ. ಆ ಹಣದಲ್ಲಿ ಚೆಲ್ಸಿ ಆಟಗಾರರನ್ನು ಕೊಂಡಿತು, ಕಪ್ಪು ಗೆದ್ದಿತು. ಯೂರೋಪಿನ ದೊಡ್ಡ ಕಪ್ಪನ್ನೇ ಎರಡು ಸಲ, 2012ರಲ್ಲಿ ಮತ್ತು 2021ರಲ್ಲಿ ಎತ್ತಿತು.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಮಾರ್ಚ್ 10ರಂದು ಬ್ರಿಟಿಷ್ ಸರ್ಕಾರ, ಪುಟಿನ್ ಆಡಳಿತಕ್ಕೆ ಹತ್ತಿರದವನು ಎಂದು ಹೇಳಿ, ಅಬ್ರಮೋವಿಚ್ ಮೇಲೆ ನಿರ್ಬಂಧ ಹಾಕಿತು. ಅವನ ಆಸ್ತಿ ಇದ್ದಲ್ಲೇ ನಿಂತಿತು. ಮಾರುವ ಹಾಗಿಲ್ಲ, ಅದರಿಂದ ಒಂದು ಪೈಸೆ ಎತ್ತುವ ಹಾಗಿಲ್ಲ. ಕ್ಲಬ್ಬೂ ಅವನ ಆಸ್ತಿಯೇ ತಾನೆ? ಹಸು, ಮನೆ, ಹಡಗು, ಕ್ಲಬ್ಬು, ಎಲ್ಲಾ ಒಂದೇ ಪಟ್ಟಿಯಲ್ಲಿ ಬಂದವು. ಕ್ಲಬ್ಬಿನ ಅಂಗಡಿಗೆ ಬೀಗ ಬಿತ್ತು. ಹೊಸ ಟಿಕೇಟು ಮಾರುವಂತಿಲ್ಲ. ಆಟಗಾರರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಕರಾರು ಮುಂದುವರಿಸುವಂತಿಲ್ಲ. ಅಂಗಿಯ ಮೇಲೆ ಹೆಸರು ಬರೆಸಿಕೊಂಡಿದ್ದ ಟೆಲಿಫೋನ್ ಕಂಪನಿ ಹಣ ನಿಲ್ಲಿಸಿ, ನಮ್ಮ ಹೆಸರು ತೆಗೀರಿ ಅಂದಿತು. ಲಾಭ ಇದ್ದಾಗ ನೆಂಟ, ಊರು ಛೀ ಅಂದಾಗ ದಾರಿಹೋಕ. ರೂಡಿಗರ್, ಕ್ರಿಸ್ಟೆನ್ಸನ್ ಎಂಬ ಇಬ್ಬರು ಹೆಸರಾಂತ ಆಟಗಾರರು ಆ ಬೇಸಿಗೆಯಲ್ಲಿ ಕರಾರು ಮುಗಿಸಿ ಸ್ಪೇನಿಗೆ ಹೊರಟರು. ಕ್ಲಬ್ಬಿಗೆ ಬಿಡಿಗಾಸೂ ಸಿಗಲಿಲ್ಲ.

ಆದರೆ ಇನ್ನೊಂದು ಕಾಗದವನ್ನೂ ಸರ್ಕಾರ ಅದೇ ದಿನ ಹೊರಡಿಸಿತು. ಅದಕ್ಕೆ ವಿಶೇಷ ಪರವಾನಗಿ ಅಂತ ಹೆಸರು. ಆಟ ನಡೀಬಹುದು. ಆಟಗಾರರಿಗೂ ನೌಕರರಿಗೂ ಸಂಬಳ ಕೊಡಬಹುದು. ಮೊದಲೇ ಟಿಕೇಟು ಕೊಂಡವರು ಒಳಗೆ ಬರಬಹುದು. ಬಂದವರಿಗೆ ತಿಂಡಿ ಮಾರಬಹುದು. ಪರಊರಿನ ಆಟಕ್ಕೆ ಹೋಗಿಬರಲು 20,000 ಪೌಂಡಿನವರೆಗೆ, ಸ್ವಂತ ಮೈದಾನದ ಆಟ ನಡೆಸಲು 5 ಲಕ್ಷ ಪೌಂಡಿನವರೆಗೆ ಖರ್ಚು ಮಾಡಬಹುದು. ಸಾಲದು ಅಂತ ಗೋಗರೆದಾಗ ಆ 5 ಲಕ್ಷ 9 ಲಕ್ಷ ಆಯಿತು.

ಈ ಕಾಗದವನ್ನು ನಾವು ಓದುವ ರೀತಿ ಬೇರೆ. ನಮ್ಮ ಹಳ್ಳಿಗಳಿಗೆ ನಿರ್ಬಂಧ ಅನ್ನೋ ಪದ ಹೊಸದಿರಬಹುದು, ಪದಾರ್ಥ ಹೊಸದಲ್ಲ. ಹೋಟೆಲಿನಲ್ಲಿ ನಮಗೂ ಅದೇ ಲೋಟ ಕೊಡಿ ಅಂದಾಗ, ಹೆಣ ಹೂಳಲು ಜಾಗ ಕೇಳಿದಾಗ, ಇನ್ನು ಮೇಲೆ ತಮಟೆ ಬಡಿಯೋದಿಲ್ಲ ಅಂದಾಗ ಊರು ಸೇರಿ ಕೇರಿಯ ಮೇಲೆ ಹಾಕಿದ್ದು ಇದನ್ನೇ. ಅಂಗಡಿಯಲ್ಲಿ ಉಪ್ಪು ಕೊಡಬೇಡಿ, ಮಿಲ್ಲಿನಲ್ಲಿ ರಾಗಿ ಬೀಸಬೇಡಿ, ಕೂಲಿಗೆ ಕರೀಬೇಡಿ, ಮಾತಾಡಿದವನಿಗೂ ದಂಡ. ಆ ಬಹಿಷ್ಕಾರಕ್ಕೆ ಯಾವ ವಿಶೇಷ ಪರವಾನಗಿ ಇತ್ತು? ಹಾಲು ಕುಡಿಯೋ ಕೂಸಿಗೆ ಹಾಲು ಬಿಡಬಹುದು ಅಂತ ಯಾವ ಪಂಚಾಯ್ತಿ ಬರೆದುಕೊಟ್ಟಿತ್ತು? ಅಲ್ಲಿ ಒಡೆಯ ತಪ್ಪು ಮಾಡಿದಾಗ ಅವನ ಕೈಕೆಳಗಿನವರ ತಿಂಡಿಯವರೆಗೆ ಲೆಕ್ಕ ಹಾಕುತ್ತಾರೆ. ಇಲ್ಲಿ ಏನೂ ತಪ್ಪು ಮಾಡದವರಿಗೆ ನೀರನ್ನೂ ನಿಲ್ಲಿಸುತ್ತಾರೆ. ಇಂಗ್ಲೆಂಡಿನ ಸರ್ಕಾರ ದೊಡ್ಡ ಮನುಷ್ಯ ಅಂತ ಹೊಗಳೋಕೆ ಈ ಮಾತಲ್ಲ. ಮನಸ್ಸು ಮಾಡಿದರೆ ಅಧಿಕಾರಕ್ಕೆ ತಪ್ಪಿತಸ್ಥನನ್ನೂ ಅವನ ನೆರಳಲ್ಲಿ ಬದುಕುವವರನ್ನೂ ಬೇರೆ ಬೇರೆ ಮಾಡಿ ನೋಡುವುದು ಸಾಧ್ಯ, ಅದೂ ಒಂದೇ ದಿನದಲ್ಲಿ. ಸಾಧ್ಯವಿಲ್ಲ ಅಂದವರು ಮನಸ್ಸು ಮಾಡಿರಲಿಲ್ಲ, ಅಷ್ಟೆ.

ಇನ್ನು ಋಣದ ಮಾತು. 2022ರ ಮಾರ್ಚ್ 5ರಂದು ಬರ್ನ್ಲಿ ಊರಿನಲ್ಲಿ ಆಟ ಶುರುವಾಗುವ ಮೊದಲು ಉಕ್ರೇನಿನ ಜನರಿಗಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಆಗ ಚೆಲ್ಸಿಯ ಕೆಲವು ಅಭಿಮಾನಿಗಳು ಅಬ್ರಮೋವಿಚ್ ಹೆಸರು ಹಿಡಿದು ಕೂಗಿದರು. ಅವರ ಕೋಚ್ ಟುಚೆಲ್ಲೇ, ಇದು ಅದಕ್ಕೆ ಸಮಯವಲ್ಲ ಎಂದು ಬೇಸರ ಪಟ್ಟುಕೊಂಡ. ಈ ಕೂಗು ನಮಗೆ ಚೆನ್ನಾಗಿ ಗೊತ್ತು. ಉಂಡ ಮನೆಗೆ ಎರಡು ಬಗೆಯಬೇಡ ಅನ್ನೋ ಗಾದೆ ನಮ್ಮಲ್ಲಿ ಯಾರ ಬಾಯಲ್ಲಿ ಹುಟ್ಟಿತು, ಯಾರ ಕಿವಿಗೆ ಬಿತ್ತು ಅಂತ ಯೋಚಿಸಿ. ಗೌಡನ ಮನೆಯ ಅನ್ನ ಉಂಡವನು ಗೌಡನ ಮೇಲೆ ಸಾಕ್ಷಿ ಹೇಳಬಾರದು. ಆ ಅನ್ನದ ರಾಗಿಯನ್ನು ಬಿತ್ತಿದವನು ಯಾರು, ಕೊಯ್ದವಳು ಯಾರು ಅನ್ನೋದು ಗಾದೆಯಲ್ಲಿ ಬರೋದೇ ಇಲ್ಲ. ಚೆಲ್ಸಿಯ ಕಪ್ಪುಗಳಿಗೂ ಇದೇ ಮಾತು. ಋಣ ಇದ್ದರೆ ಸೈಬೀರಿಯಾದ ಚಳಿಯಲ್ಲಿ ಎಣ್ಣೆ ತೆಗೆದವನಿಗೆ ಇರಬೇಕು. ನಡುವೆ ನಿಂತು ಬಡಿಸಿದವನಿಗೆ ಯಾಕೆ?

ಆದರೂ ಕೂಗಿದವರನ್ನು ಬರೀ ದಡ್ಡರು ಅಂತ ತಳ್ಳಿಹಾಕಲು ನಮಗೆ ಮನಸ್ಸಾಗದು. ವಾರವಿಡೀ ಬೇರೆಯವರ ಯಂತ್ರದ ಮುಂದೆ ನಿಂತವನಿಗೆ ಶನಿವಾರದ ಎರಡು ಗಂಟೆ ಮಾತ್ರ ಇದು ನಮ್ಮದು ಅನ್ನಿಸುತ್ತದೆ. ಬೆಂಗಳೂರಿನ ಗೌತಮಪುರಕ್ಕೆ ಹೋಗಿ ನೋಡಿ. ಬಡವರ ಆ ಗಲ್ಲಿಗಳಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಕಾಲ್ಚೆಂಡು ಬಡವನ ಆಟ, ಒಂದು ಚೆಂಡಿಗೆ ಇಪ್ಪತ್ತೆರಡು ಜನ. ಆ ಪ್ರೀತಿ ನಿಜ. ಒಡೆಯ ಬಂಡವಾಳ ಮಾಡಿಕೊಳ್ಳುವುದು ಈ ನಿಜವನ್ನೇ.

ನಮ್ಮ ರಾಜ್ಯದ ಶಾಸಕರು 2002ರಲ್ಲಿ ಒಮ್ಮೆ, 2010ರಲ್ಲಿ ಒಮ್ಮೆ ರಾಜ್ಯಸಭೆಗೆ ಆರಿಸಿ ಕಳಿಸಿದ ವಿಜಯ್ ಮಲ್ಯ ಇದನ್ನು ಚೆನ್ನಾಗಿ ತಿಳಿದಿದ್ದರು. 1998ರ ಹೊತ್ತಿಗೇ ಅವರ ಹೆಂಡದ ಕಂಪನಿಗಳು ಕಲ್ಕತ್ತೆಯ ಎರಡು ಹಳೆಯ ಫುಟ್‌ಬಾಲ್ ಕ್ಲಬ್ಬುಗಳ ಜೊತೆ ಕೂಡಿಕೆ ಮಾಡಿಕೊಂಡವು. ಒಂದು ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್ ಆಯಿತು, ಇನ್ನೊಂದು ಮೆಕ್‌ಡೊವೆಲ್ ಮೋಹನ್ ಬಗಾನ್ ಆಯಿತು. ಹಾವು ಮುಂಗುಸಿಗಳ ಹಾಗಿದ್ದ ಎರಡು ಪಕ್ಷ, ಎರಡರ ಹಣೆಯ ಮೇಲೂ ಒಬ್ಬನದೇ ನಾಮ. 2008ರಲ್ಲಿ 111.6 ಮಿಲಿಯನ್ ಡಾಲರಿಗೆ ಬೆಂಗಳೂರಿನ ಕ್ರಿಕೆಟ್ ತಂಡ ಕೊಂಡರು, ಅದಕ್ಕೂ ವಿಸ್ಕಿಯ ಹೆಸರು. 2012ರ ಅಕ್ಟೋಬರಿನಲ್ಲಿ ಅವರ ವಿಮಾನಗಳು ನೆಲಕ್ಕಿಳಿದವು, ಮತ್ತೆ ಏಳಲಿಲ್ಲ. ಅಷ್ಟರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 2016ರ ಮಾರ್ಚ್ 2ರಂದು ಒಡೆಯರು ಲಂಡನ್ನಿಗೆ ಹೊರಟುಹೋದರು. 2019ರ ಜನವರಿಯಲ್ಲಿ ನ್ಯಾಯಾಲಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು.

ಕ್ರಿಕೆಟ್ ತಂಡಕ್ಕೆ ಏನಾಯಿತು? ಏನೂ ಆಗಲಿಲ್ಲ. ಅದು ಆಗಲೇ ಇಂಗ್ಲೆಂಡಿನ ಡಿಯಾಜಿಯೋ ಎಂಬ ಇನ್ನೊಬ್ಬ ಹೆಂಡದ ದೊರೆಯ ಹಿಡಿತಕ್ಕೆ ಹೋಗಿತ್ತು. ಒಡೆಯರು ಓಡಿಹೋದ ಅದೇ ವರ್ಷದ ಮೇ ತಿಂಗಳಲ್ಲಿ ತಂಡ ಫೈನಲ್ ಆಡಿತು. ಆದರೆ ವಿಮಾನದ ಸಾಮಾನು ಹೊತ್ತವರು, ಊಟ ಬಡಿಸಿದ ಹೆಣ್ಣುಮಕ್ಕಳು? ಮುಟ್ಟುಗೋಲು ಹಾಕಿದ ಆಸ್ತಿಯಿಂದ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿದೆ ಎಂದು 2024ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿ ಸಂಸತ್ತಿಗೆ ಹೇಳಿದರು. ನೌಕರರ ಬಾಕಿಗಾಗಿ ಸುಮಾರು 312 ಕೋಟಿ ಬಿಡುಗಡೆಗೆ ಆದೇಶವಾದದ್ದು 2025ರ ಡಿಸೆಂಬರಿನಲ್ಲಿ. ವಿಮಾನ ನಿಂತು ಹದಿಮೂರು ವರ್ಷ. ಬ್ಯಾಂಕಿನ ಹಣವೂ ಜನರ ಹಣವೇ, ಒಪ್ಪೋಣ. ಆದರೆ ಪಂಕ್ತಿಯಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು, ಯಾರನ್ನು ಹೊರಗೆ ಕಾಯಿಸಿದರು ಅನ್ನೋದನ್ನು ನಾವು ಕಾಣದವರಲ್ಲ.

ಇಲ್ಲಿಗೆ ಕೆಲವರು ಕೇಳುತ್ತಾರೆ: ನೋಡಿ ಸ್ವಾಮಿ, ಒಡೆಯನನ್ನು ಮುಟ್ಟಿದರೆ ಕೊನೆಗೆ ಸಾಯೋನು ಬಡವ, ಸುಮ್ಮನೆ ಬಿಡಬಾರದೇ? 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದಾಗಲೂ ಜಗಲಿಯ ಮೇಲೆ ಇದೇ ರಾಗ. ನಾವು ಬಿಟ್ಟರೆ ಇವಕ್ಕೆ ಹಿಟ್ಟು ಹಾಕೋರು ಯಾರು? ಆಳಿನ ಹಸಿವೇ ಒಡೆಯನ ಗುರಾಣಿ. ಆ ಗುರಾಣಿಗೆ ಹೆದರಿ ಕೈ ಇಳಿಸಿದರೆ, ಹೆಚ್ಚು ಜನರನ್ನು ಹಿಡಿದಿಟ್ಟುಕೊಂಡವನಿಗೆ ಹೆಚ್ಚು ಕ್ಷಮೆ ಅಂತ ಆಗುತ್ತದೆ. ಇದನ್ನು ನಾವು ಒಪ್ಪುವುದಿಲ್ಲ. ಹಾಗಂತ ಕೈ ಕಟ್ಟಿ ಮನೆಗೆ ಹೋಗುವ ಸರ್ಕಾರವನ್ನೂ ಒಪ್ಪುವುದಿಲ್ಲ. ಬಿಡುಗಡೆಯ ಕಾಗದ ಸಿಕ್ಕಿ ಹಿಡಿ ನೆಲ ಸಿಗದ ಜೀತಗಾರ, ಆ ಕಾಗದವನ್ನು ಮಡಚಿ ಸೂರಿನಲ್ಲಿ ಸಿಕ್ಕಿಸಿ, ಇನ್ನೊಬ್ಬನ ಕೊಟ್ಟಿಗೆಗೆ ಹೋಗಿ ನಿಂತದ್ದನ್ನು ನಮ್ಮ ಕೇರಿಗಳು ಮರೆತಿಲ್ಲ.

ಚೆಲ್ಸಿಗೂ ಕೊನೆಗೆ ಆದದ್ದು ಅದೇ. 2022ರ ಮೇ 30ರಂದು ಕ್ಲಬ್ಬು ಅಮೆರಿಕದ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಬಂಡವಾಳಗಾರರ ಕೂಟಕ್ಕೆ ಹೋಯಿತು. ಒಟ್ಟು 4.25 ಬಿಲಿಯನ್ ಪೌಂಡಿನ ಮಾತು. ಅದರಲ್ಲಿ ಷೇರಿನ ಬೆಲೆ 2.5 ಬಿಲಿಯನ್. ಕೆಂಗಲ್ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದ ಹಾಗೆ. ಹಗ್ಗ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ. ಎತ್ತನ್ನು ಯಾರೂ ಕೇಳುವುದಿಲ್ಲ. ಯುದ್ಧದಲ್ಲಿ ನೊಂದವರಿಗೆ ಅಂತ ಹೇಳಿದ ಆ 2.5 ಬಿಲಿಯನ್ ಪೌಂಡು, ಉಕ್ರೇನಿನವರಿಗೆ ಮಾತ್ರವೋ ಎಲ್ಲ ಸಂತ್ರಸ್ತರಿಗೋ ಅನ್ನುವ ಜಗಳದಲ್ಲಿ, 2025ರ ಡಿಸೆಂಬರಿನಲ್ಲೂ ಲಂಡನ್ನಿನ ಬ್ಯಾಂಕಿನಲ್ಲೇ ಕೂತಿತ್ತು. ಮನೆ ಸುಟ್ಟುಕೊಂಡವನಿಗೆ ಒಂದು ಇಟ್ಟಿಗೆಯೂ ಅದರಿಂದ ಬಂದಿರಲಿಲ್ಲ.

ಈ ಕಥೆಯಲ್ಲಿ ಮಾರಾಟವಾಗದ ವಸ್ತು ಒಂದಿದೆ. ಅದು ನೆಲ. 1980ರ ದಶಕದಲ್ಲಿ ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಮೈದಾನದ ಮೇಲೆ ಕಟ್ಟಡದ ವ್ಯಾಪಾರಿಗಳ ಕಣ್ಣು ಬಿದ್ದಿತ್ತು. ಅದು ಮತ್ತೆ ಆಗಬಾರದು ಅಂತ 1993ರಲ್ಲಿ ಚೆಲ್ಸಿ ಪಿಚ್ ಓನರ್ಸ್ ಎಂಬ ಸಂಸ್ಥೆ ಹುಟ್ಟಿತು. ಸಾಮಾನ್ಯ ಅಭಿಮಾನಿಗಳಿಗೆ ನೂರು ಪೌಂಡಿಗೊಂದು ಷೇರು ಮಾರಿತು. ಲಾಭ ಹಂಚುವುದಿಲ್ಲ, ಎಷ್ಟೇ ಷೇರು ಕೊಂಡರೂ ಒಬ್ಬನಿಗೆ ನೂರಕ್ಕಿಂತ ಹೆಚ್ಚು ಓಟಿಲ್ಲ. ಆಟ ಆಡುವ ನೆಲವೂ ಚೆಲ್ಸಿ ಫುಟ್‌ಬಾಲ್ ಕ್ಲಬ್ ಎಂಬ ಹೆಸರೂ ಅವರ ಕೈಗೆ ಬಂದವು. 2011ರಲ್ಲಿ ಅಬ್ರಮೋವಿಚ್‌ನ ಕ್ಲಬ್ಬು ಆ ನೆಲವನ್ನು ತಿರುಗಿ ಕೊಡಿ ಅಂತ ಕೇಳಿತು. ನೂರಕ್ಕೆ ಎಪ್ಪತ್ತೈದು ಓಟು ಬೇಕಿತ್ತು, ಸಿಗಲಿಲ್ಲ. ಅಷ್ಟು ಕಪ್ಪು ತಂದುಕೊಟ್ಟ ಒಡೆಯನಿಗೆ, ಅದೇ ಉಂಡ ಮನೆಯವರಲ್ಲಿ ಸಾಕಷ್ಟು ಜನ ಆಗೋದಿಲ್ಲ ಅಂದರು. ಹನ್ನೊಂದು ವರ್ಷದ ಮೇಲೆ ಅವನ ಪಟ್ಟಿಯ ಆಸ್ತಿಯೆಲ್ಲ ಕಟ್ಟಿಬಿದ್ದಾಗ ಆ ಪಟ್ಟಿಯಲ್ಲಿ ಈ ನೆಲ ಇರಲಿಲ್ಲ.

ಇದರಿಂದ ಚೆಲ್ಸಿ ಜನರ ಕ್ಲಬ್ಬಾಯಿತು ಅಂತ ನಾವು ಹೇಳುವುದಿಲ್ಲ. ಯಾರನ್ನು ಆಡಿಸಬೇಕು, ಟಿಕೇಟಿಗೆ ಎಷ್ಟು ಅನ್ನೋದು ಈಗಲೂ ಹಣವಂತನ ಮಾತೇ. ಆದರೆ ಒಡೆಯನಿಗೆ ಶಿಕ್ಷೆಯಾದಾಗ ಯಾರಿಗೆ ಎಷ್ಟು ನೋವಾಗುತ್ತದೆ ಅನ್ನೋದು ಶಿಕ್ಷೆಯ ದಿನ ತೀರ್ಮಾನವಾಗುವುದಿಲ್ಲ. ಅದಕ್ಕೆ ಬಹಳ ಮುಂಚೆ, ಯಾವುದು ಯಾರ ಹೆಸರಲ್ಲಿದೆ ಅಂತ ಬರೆಯುವಾಗಲೇ ಆಗಿಹೋಗಿರುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಮೈದಾನದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ನಮ್ಮ ತಂಡ ಗೆದ್ದಿತು ಅಂತ ನೋಡಲು ಹೋಗಿದ್ದವರು. ಆ ನಮ್ಮದರಲ್ಲಿ ಅವರ ಹೆಸರಿಗೆ ನೂರು ರೂಪಾಯಿಯ ಒಂದು ಷೇರೂ ಇರಲಿಲ್ಲ.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಶಾಲೆಯ ಮಕ್ಕಳು ಸಂಜೆ ಚೆಂಡು ಒದೆಯುವ ಬಯಲಿನ ಪಹಣಿ ತೆಗೆಸಿ ನೋಡಿ. ಶಾಲೆಯ ಹೆಸರಲ್ಲಿದೆಯೋ, ಗೋಮಾಳವೋ, ಯಾವ ಕಾಲದಲ್ಲೋ ದಾನ ಕೊಟ್ಟೆವು ಅಂತ ಬಾಯಲ್ಲಿ ಮಾತ್ರ ಹೇಳಿದವರ ಮನೆಯ ಹೆಸರಲ್ಲೋ? ಬೆಂಗಳೂರು ರಸ್ತೆಯ ಎರಡು ಬದಿಗೂ ಎಕರೆಗೆ ಕೋಟಿ ಲೆಕ್ಕ ಹೇಳೋ ಕಾಲ ಇದು. ಪಹಣಿಯ ಕಾಲಮ್ಮಿನಲ್ಲಿರುವ ಹೆಸರನ್ನು ಮಕ್ಕಳ ಕೈಯಲ್ಲೇ ಓದಿಸಿ, ನಮಗೂ ಒಂದು ಕಾರ್ಡು ಬರೆಯಿರಿ.