ಮಕ್ಕಳಿಗೆ ವಲಸಿಗನ ಕಥೆ ಹೇಳುವಾಗ

ನಮ್ಮ ಶಾಲೆಗಳ ಭಾಷಣ ಸ್ಪರ್ಧೆಯಲ್ಲಿ 'ನಾನು ಮೆಚ್ಚಿದ ವ್ಯಕ್ತಿ' ಎಂಬ ವಿಷಯ ಕೊಟ್ಟರೆ ಹಿಂದೆ ಗಾಂಧೀಜಿ ಬರುತ್ತಿದ್ದರು, ವಿಶ್ವೇಶ್ವರಯ್ಯ ಬರುತ್ತಿದ್ದರು, ಅಬ್ದುಲ್ ಕಲಾಂ ಬರುತ್ತಿದ್ದರು. ಈಗ ಅವರ ಪಕ್ಕದಲ್ಲಿ ಹೊಸಬರೊಬ್ಬರು ಬಂದು ನಿಂತಿದ್ದಾರೆ. ಬರಿಗೈಯಲ್ಲಿ ವಿದೇಶಕ್ಕೆ ಹೋಗಿ, ಕಂಪ್ಯೂಟರ್ ಕಂಪೆನಿ ಕಟ್ಟಿ ಕೋಟ್ಯಧಿಪತಿಯಾದ ವಲಸಿಗ. ಹೆಸರು ಯಾವುದೇ ಇರಲಿ, ಕಥೆಯ ಅಚ್ಚು ಒಂದೇ. ಒಂದು ಸಣ್ಣ ಊರು, ಸಾಧಾರಣ ಮನೆ, ಕಿಸೆಯಲ್ಲಿ ನಾಲ್ಕು ಡಾಲರ್, ಹಗಲು-ರಾತ್ರಿ ದುಡಿಮೆ, ಕೊನೆಗೆ ಕೋಟಿಗಳ ಲೆಕ್ಕ. ಕಟ್ಟಕಡೆಯಲ್ಲಿ ಒಂದು ನೀತಿ: ಕಷ್ಟಪಟ್ಟರೆ ಯಾರೂ ಹೀಗೆ ಆಗಬಹುದು.

ಈ ನೀತಿಯಲ್ಲಿ ತಪ್ಪೇನಿದೆ ಎಂದು ನಾವು ಕೇಳಬಹುದು. ಮಕ್ಕಳಿಗೆ ದುಡಿಮೆಯ ಬೆಲೆ ಹೇಳಿಕೊಡುವುದು ಒಳ್ಳೆಯದೇ ಅಲ್ಲವೇ? ಖಂಡಿತ ಒಳ್ಳೆಯದು. ಆದರೆ ಮಕ್ಕಳು ನಾವು ಹೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಹೇಳದೆ ಬಿಟ್ಟದ್ದನ್ನೂ ಅವರು ಕೂಡಿಸಿಕೊಳ್ಳುತ್ತಾರೆ. ಕಷ್ಟಪಟ್ಟವರು ಮೇಲೆ ಬರುತ್ತಾರೆ ಎಂದಾದರೆ, ಮೇಲೆ ಬಾರದವರು ಕಷ್ಟಪಡಲಿಲ್ಲ ಎಂದಾಯಿತು. ಇದನ್ನು ಯಾವ ಮೇಷ್ಟ್ರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ತರಗತಿಯ ಕೊನೆಯ ಬೆಂಚಿನಲ್ಲಿ ಕೂತ ಮಗುವಿಗೆ ಅದು ಕೇಳಿಸಿಬಿಡುತ್ತದೆ.

ಬೇಗೂರನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಕೆರೆ, ಗದ್ದೆ, ಹಳೆಯ ನಾಗೇಶ್ವರ ದೇವಸ್ಥಾನ ಇದ್ದ ಹಳ್ಳಿ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಇದೂ ಬೆಂಗಳೂರಿನ ಒಳಗೆ ಸೇರಿಹೋಯಿತು. ಇಂದು ಇಲ್ಲಿ ಬಹುಮಹಡಿ ಕಟ್ಟಡಗಳಿವೆ. ಅವುಗಳಲ್ಲಿ ದೇಶದ ಮೂಲೆ ಮೂಲೆಗಳಿಂದ ಬಂದ ಸಾಫ್ಟ್‌ವೇರ್ ಇಂಜಿನಿಯರುಗಳಿದ್ದಾರೆ. ಆ ಕಟ್ಟಡಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಬಂಗಾಳ, ಒಡಿಶಾ, ಅಸ್ಸಾಮಿನಿಂದ ಬಂದವರು ತಗಡಿನ ಶೆಡ್ಡುಗಳಲ್ಲಿದ್ದಾರೆ. ಇಬ್ಬರೂ ವಲಸಿಗರೇ. ಗಾರೆ ಕೆಲಸಕ್ಕೋ ಸೆಂಟ್ರಿಂಗ್ ಕೆಲಸಕ್ಕೋ ಬೆಳಕು ಹರಿಯುವ ಮೊದಲೇ ಹೊರಟು ಕತ್ತಲಾದ ಮೇಲೆ ಮರಳುವ ಅಪ್ಪನ ಮಗು 'ಕಷ್ಟಪಟ್ಟರೆ ಮೇಲೆ ಬರಬಹುದು' ಎಂಬ ಪಾಠ ಕೇಳಿದರೆ ಏನೆಂದುಕೊಳ್ಳಬೇಕು? ತನ್ನ ಅಪ್ಪ ಸೋಮಾರಿ ಎಂದೇ? ಅಥವಾ ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದೇ? ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಒಂದು ಮಗುವನ್ನು ದೂಡುವುದು ನ್ಯಾಯವೇ?

ನಮ್ಮ ನಾಡಿನದ್ದೇ ಒಂದು ಬದುಕನ್ನು ಎದುರಿಗಿಟ್ಟುಕೊಂಡು ಇದನ್ನು ಯೋಚಿಸೋಣ. ಗುರುರಾಜ್ ದೇಶಪಾಂಡೆ 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದರು. ತಂದೆ ಕಾರ್ಮಿಕ ಇಲಾಖೆಯ ಅಧಿಕಾರಿ. 1973ರಲ್ಲಿ ಮದ್ರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆನಡಾಕ್ಕೆ ಹೋದರು. ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ, ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. 1984ರಲ್ಲಿ ಅಮೆರಿಕಕ್ಕೆ ಬಂದರು. ಮೊದಲು ಕಟ್ಟಿದ ಕೋರಲ್ ನೆಟ್‌ವರ್ಕ್ಸ್ ಕಂಪೆನಿಯಿಂದ, ಪಾಲುದಾರರೊಂದಿಗೆ ಅಭಿಪ್ರಾಯ ಹೊಂದದೆ ಹೊರಬಂದರು. 1990ರಲ್ಲಿ ಕ್ಯಾಸ್ಕೇಡ್ ಕಮ್ಯುನಿಕೇಶನ್ಸ್ ಆರಂಭಿಸಿದರು. ಅಂತರ್ಜಾಲದ ಮಾಹಿತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಯಂತ್ರಗಳನ್ನು ಅದು ತಯಾರಿಸುತ್ತಿತ್ತು. 1997ರಲ್ಲಿ ಅಸೆಂಡ್ ಎಂಬ ಕಂಪೆನಿ ಅದನ್ನು ಸುಮಾರು 370 ಕೋಟಿ ಡಾಲರಿಗೆ ಕೊಂಡುಕೊಂಡಿತು. 1998ರಲ್ಲಿ ಅವರು ಸಿಕಮೋರ್ ನೆಟ್‌ವರ್ಕ್ಸ್ ಕಟ್ಟಿದರು. ಗಾಜಿನ ಎಳೆಗಳೊಳಗೆ ಬೆಳಕಾಗಿ ಹರಿಯುವ ಮಾಹಿತಿಗೆ ದಾರಿ ತೋರಿಸುವ ಕೆಲಸ ಅದರದ್ದು.

ಇದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಮಕ್ಕಳಿಗೆ ಹೇಳುವಾಗ ನಾವು ಈ ಕಥೆಯಿಂದ ಎಷ್ಟು ಮಂದಿಯನ್ನು ಹೊರಗೆ ಕಳಿಸುತ್ತೇವೆ ಎಂದು ಲೆಕ್ಕ ಹಾಕಿದ್ದೇವೆಯೇ? ಮದ್ರಾಸಿನ ಐಐಟಿ 1959ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಆರಂಭವಾದದ್ದು. ನಡೆದದ್ದು ನಮ್ಮ ಸರಕಾರದ ಹಣದಲ್ಲಿ. ಅಂದರೆ, ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕೊಟ್ಟವರ ಪಾಲು ಅದರಲ್ಲಿತ್ತು. ಆ ಪೈಕಿ ಹೆಚ್ಚಿನವರ ಮಕ್ಕಳು ಐಐಟಿಯ ಬಾಗಿಲನ್ನೇ ಕಂಡಿರಲಿಲ್ಲ. ಸಿಕಮೋರ್ ನಿಂತದ್ದು ಎಂಐಟಿಯ ಇಬ್ಬರು ಸಂಶೋಧಕರ ಕೆಲಸದ ಮೇಲೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದ ಕಥೆಯೂ ಹೀಗೆಯೇ. ಜೊತೆಗೆ ಕಟ್ಟಿದ ಜಾಕ್ ಸ್ಮಿತ್ ಎಂಬವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಇನ್ನು ಬಾಗಿಲಿನ ವಿಚಾರ. ವಲಸಿಗನ ಕಥೆಯಲ್ಲಿ ಅವನು ಹೋದ ಎಂದು ಹೇಳುತ್ತೇವೆ. ಆದರೆ ಹೋಗಬೇಕಾದರೆ ಬಾಗಿಲು ತೆರೆದಿರಬೇಕು. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಮಂದಿಯನ್ನು ಹೊತ್ತು ಕೆನಡಾದ ವ್ಯಾಂಕೋವರ್ ಬಂದರಿಗೆ ಹೋಗಿತ್ತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಮುಸ್ಲಿಮರೂ ಹಿಂದೂಗಳೂ ಇದ್ದರು. ಎರಡು ತಿಂಗಳು ಹಡಗನ್ನು ಬಂದರಿನಲ್ಲೇ ನಿಲ್ಲಿಸಿ, ಕೆಲವರನ್ನು ಬಿಟ್ಟು ಉಳಿದವರೆಲ್ಲರನ್ನೂ ನೆಲ ಮುಟ್ಟಲು ಬಿಡದೆ ವಾಪಸು ಕಳಿಸಲಾಯಿತು. ಅದೇ ಕೆನಡಾ 1967ರಲ್ಲಿ ಬಣ್ಣ ನೋಡುವುದನ್ನು ಬಿಟ್ಟು ವಿದ್ಯೆ, ಭಾಷೆ, ಕೌಶಲಗಳಿಗೆ ಅಂಕ ಕೊಡುವ ಪದ್ಧತಿ ತಂದಿತು. ಅಮೆರಿಕ 1965ರಲ್ಲಿ ತನ್ನ ವಲಸೆ ಕಾನೂನನ್ನು ಬದಲಿಸಿತು. ಆಗ ಕರಿಯರ ನಾಗರಿಕ ಹಕ್ಕುಗಳ ಚಳವಳಿ ಆ ದೇಶದ ಮನಸ್ಸಾಕ್ಷಿಯನ್ನು ಅಲುಗಾಡಿಸುತ್ತಿತ್ತು. 1973ರಲ್ಲಿ ಹೊರಟ ಯುವಕನಿಗೆ ಬಾಗಿಲು ತೆರೆದಿತ್ತು. 1914ರಲ್ಲಿ ಹೊರಟವರಿಗೆ ಮುಚ್ಚಿತ್ತು. ಆ ಹಡಗಿನಲ್ಲಿದ್ದವರು ಕಷ್ಟಪಡಲು ತಯಾರಿರಲಿಲ್ಲವೇ? ಅವರಿಗೆ ಛಲ ಇರಲಿಲ್ಲವೇ?

ಅಷ್ಟಕ್ಕೂ, ಹಣ ಎಂಬುದು ಒಬ್ಬರ ಯೋಗ್ಯತೆಯ ಅಳತೆಗೋಲು ಹೌದೋ ಅಲ್ಲವೋ ಎಂಬುದಕ್ಕೆ ಸಿಕಮೋರ್‌ನ ಕಥೆಯಲ್ಲೇ ಉತ್ತರವಿದೆ. 1999ರ ಅಕ್ಟೋಬರ್‌ನಲ್ಲಿ ಆ ಕಂಪೆನಿ ಷೇರುಪೇಟೆಗೆ ಬಂದಾಗ ಒಂದು ಷೇರಿನ ಬೆಲೆ 38 ಡಾಲರ್ ಎಂದು ನಿಗದಿಯಾಗಿತ್ತು. ಸಂಜೆಯಾಗುವಾಗ ಅದು 180 ಡಾಲರನ್ನು ದಾಟಿತ್ತು. ಬೆಳಿಗ್ಗೆಯಿಂದ ಸಂಜೆಯೊಳಗೆ ಅದನ್ನು ಕಟ್ಟಿದವರ ಬುದ್ಧಿ, ಪ್ರಾಮಾಣಿಕತೆ, ದುಡಿಮೆ ನಾಲ್ಕೂಮುಕ್ಕಾಲು ಪಟ್ಟು ಹೆಚ್ಚಿತೇ? ಮುಂದೆ ಅಂತರ್ಜಾಲ ಕಂಪೆನಿಗಳ ಗುಳ್ಳೆ ಒಡೆದಾಗ ಅದೇ ಷೇರು ಕೆಲವೇ ಡಾಲರಿಗೆ ಇಳಿಯಿತು. 2013ರಲ್ಲಿ ಕಂಪೆನಿಯನ್ನೇ ಮುಚ್ಚಲು ಷೇರುದಾರರು ಒಪ್ಪಿದರು. ಹಾಗಾದರೆ ಅವರು ಸೋಮಾರಿಗಳಾದರೇ? ಮನುಷ್ಯರು ಅವರೇ, ದುಡಿಮೆ ಅದೇ. ಏರಿದ್ದೂ ಇಳಿದದ್ದೂ ಪೇಟೆ. ಏರಿಕೆಯ ದಿನ ಕಥೆಯನ್ನು ನಿಲ್ಲಿಸಿದರೆ ಮಕ್ಕಳಿಗೆ ಸಿಗುವುದು ಅರ್ಧ ಸತ್ಯ. ಪೂರ್ತಿ ಹೇಳಿದರೆ ಒಂದು ಒಳ್ಳೆಯ ಪಾಠವೇ ಸಿಗುತ್ತದೆ: ದುಡಿಮೆ ನಮ್ಮ ಕೈಯಲ್ಲಿದೆ, ಅದಕ್ಕೆ ಪೇಟೆ ಕಟ್ಟುವ ಬೆಲೆ ನಮ್ಮ ಕೈಯಲ್ಲಿಲ್ಲ. ಈ ಪಾಠ ಗಾರೆ ಕೆಲಸದವನ ಮಗುವಿಗೂ ಸಲ್ಲುತ್ತದೆ. ತನ್ನ ಅಪ್ಪನ ದುಡಿಮೆ ದೊಡ್ಡದು, ಅದಕ್ಕೆ ಕಟ್ಟಿದ ಬೆಲೆ ಮಾತ್ರ ಚಿಕ್ಕದು ಎಂದು ಅದಕ್ಕೆ ಅರ್ಥವಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮಕ್ಕಳಿಗೆ ಬೇಕಾದದ್ದು ಆಸೆ. ಅದೃಷ್ಟ, ಕಾನೂನು, ಪೇಟೆ ಎಂದೆಲ್ಲ ಹೇಳಿದರೆ ಅವರು ಕೈಚೆಲ್ಲಿ ಕೂರುವುದಿಲ್ಲವೇ? ಇದು ತಳ್ಳಿಹಾಕುವ ಮಾತಲ್ಲ. ಎಲ್ಲವೂ ಹಣೆಬರಹ ಎಂದು ಕಲಿತ ಮಗು ಪುಸ್ತಕ ತೆರೆಯುವುದಿಲ್ಲ. ಹಾಗಿದ್ದರೆ ಆಸೆಯನ್ನೂ ಸತ್ಯವನ್ನೂ ಒಟ್ಟಿಗೆ ಕೊಡುವ ಕಥೆ ಇದೆಯೇ?

ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಅಂಥದೊಂದು ಕಥೆ ಇದೆ. ಅದೂ ಒಬ್ಬ ವಲಸಿಗ ವ್ಯಾಪಾರಿಯದ್ದೇ. ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾಕ್ಕೆ ಬಂದರು. ಪ್ರವಾದಿ ಮುಹಮ್ಮದ್(ಸ) ಅವರನ್ನು ಮದೀನಾದ ಸಅದ್ ಬಿನ್ ರಬೀಅ್(ರ) ಅವರ ಸಹೋದರನನ್ನಾಗಿ ಮಾಡಿದರು. ಸಅದ್ ತನ್ನ ಸಂಪತ್ತಿನ ಅರ್ಧ ಭಾಗವನ್ನು ಕೊಡಲು ಮುಂದಾದರು. ಅಬ್ದುರ್ರಹ್ಮಾನ್ ಅದನ್ನು ಪಡೆಯಲಿಲ್ಲ. ಅವರಿಗಾಗಿ ಪ್ರಾರ್ಥಿಸಿ, ಪೇಟೆ ಎಲ್ಲಿದೆ ತೋರಿಸಿ ಸಾಕು ಎಂದರು. ಬನೂ ಕೈನುಕಾ ಎಂಬ ಯಹೂದಿ ಗೋತ್ರದವರ ಪೇಟೆಯಲ್ಲಿ ತುಪ್ಪ, ಗಿಣ್ಣುಗಳ ವ್ಯಾಪಾರ ಆರಂಭಿಸಿ ಮುಂದೆ ದೊಡ್ಡ ಶ್ರೀಮಂತರಾದರು. ಈ ಕಥೆಯಲ್ಲಿ ವಲಸಿಗನ ಸ್ವಾಭಿಮಾನ ಇದೆ, ದುಡಿಮೆ ಇದೆ, ಆಸೆಯೂ ಇದೆ. ಆದರೆ ಸಅದ್‌ರನ್ನು ಬಿಟ್ಟು ಈ ಕಥೆಯನ್ನು ಯಾರೂ ಹೇಳುವುದಿಲ್ಲ. ಹೊಸಬನಿಗೆ ಪೇಟೆಯಲ್ಲಿ ಜಾಗ ಇತ್ತು ಎಂಬುದನ್ನೂ ಬಿಡುವುದಿಲ್ಲ. ಗೆದ್ದವರ ಹೆಸರಿನ ಜೊತೆ ಬಾಗಿಲು ತೆರೆದವರ ಹೆಸರೂ ಶತಮಾನಗಳಿಂದ ಉಳಿದುಬಂದಿದೆ. ನಮ್ಮ ಕಾಲದ ಕಥೆಗಳಿಂದ ಕಳಚಿಹೋದದ್ದು ಈ ಎರಡನೆಯ ಹೆಸರು.

ಅದು ಕಳಚಿಹೋದಾಗ ಏನಾಗುತ್ತದೆ ಎಂಬುದನ್ನು ನಾವು 2020ರ ಮೇ ತಿಂಗಳಲ್ಲಿ ಕಂಡೆವು. ಕೊರೋನ ಲಾಕ್‌ಡೌನ್‌ನಿಂದಾಗಿ ಕೆಲಸವೂ ಕೂಲಿಯೂ ಇಲ್ಲದೆ ಊರಿಗೆ ಹೋಗಲು ಕಾದಿದ್ದ ಹೊರರಾಜ್ಯಗಳ ಕಾರ್ಮಿಕರ ರೈಲುಗಳನ್ನು ರಾಜ್ಯ ಸರಕಾರ ರದ್ದು ಮಾಡಲು ಹೊರಟಿತು. ಕಟ್ಟಡ ನಿರ್ಮಾಣದಾರರ ಜೊತೆ ಮುಖ್ಯಮಂತ್ರಿಯ ಸಭೆ ನಡೆದ ಬೆನ್ನಿಗೇ ಈ ತೀರ್ಮಾನ ಬಂದಿತ್ತು. ದೇಶದಾದ್ಯಂತ ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಹೊರಟವು. ಅದೇ ವಾರ, ಮೇ 7ರಂದು, ವಿದೇಶಗಳಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹಾರಾಟ ಆರಂಭಿಸಿದವು. ಅವರನ್ನು ಕರೆತಂದದ್ದು ಸರಿಯೇ. ಆದರೆ ಊರು ಬಿಟ್ಟು ದುಡಿಯಲು ಹೋದ ಇಬ್ಬರಲ್ಲಿ ಒಬ್ಬನನ್ನು ಮನೆಗೆ ಕರೆತರಬೇಕಾದ ಮಗ ಎಂದೂ, ಇನ್ನೊಬ್ಬನನ್ನು ಕೆಲಸ ನಿಲ್ಲದಂತೆ ಹಿಡಿದಿಟ್ಟುಕೊಳ್ಳಬೇಕಾದ ಆಳು ಎಂದೂ ನೋಡಲು ನಾವು ಎಲ್ಲಿ ಕಲಿತೆವು? ಇಂಥ ತಕ್ಕಡಿಗಳು ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಬಾಲ್ಯದಲ್ಲಿ ಕೇಳಿದ ಕಥೆಗಳಲ್ಲೇ ಅವು ತಯಾರಾಗುತ್ತವೆ.

ದೇಶಪಾಂಡೆಯವರ ಬದುಕಿನ ಇನ್ನೊಂದು ಭಾಗವನ್ನು ನಾವು ಕಥೆಯ ಕೊನೆಗೆ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. 1996ರಲ್ಲಿ ಅವರೂ ಪತ್ನಿ ಜಯಶ್ರೀಯವರೂ ಒಂದು ಫೌಂಡೇಶನ್ ಸ್ಥಾಪಿಸಿದರು. ಅದು ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಉತ್ತರ ಕರ್ನಾಟಕದ ಯುವಕರಿಗೆ ತರಬೇತಿ, ರೈತರಿಗೆ ಕೃಷಿಹೊಂಡ ಮುಂತಾದ ಕೆಲಸಗಳನ್ನು ಮಾಡುತ್ತಾ ಬಂದಿದೆ. ಕೆನಡಾದಲ್ಲಿ ತಾವು ಕಲಿತ ನ್ಯೂ ಬ್ರನ್ಸ್‌ವಿಕ್‌ನಲ್ಲೂ ಅವರ ಹೆಸರಿನ ಕೇಂದ್ರವಿದೆ. ಇದನ್ನು ದಾನ ಎಂದು ಹೇಳುವುದು ರೂಢಿ. ಪಡೆದ ಸಾಲವನ್ನು ಹಿಂದಿರುಗಿಸುವುದು ಎಂದರೆ ಮಕ್ಕಳಿಗೆ ಇನ್ನೂ ಚೆನ್ನಾಗಿ ಅರ್ಥವಾದೀತು. ದಾನ ಎಂದಾಗ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಸಾಲ ಎಂದಾಗ, ಕೊಡುವವನೂ ಒಮ್ಮೆ ಪಡೆದವನೇ ಎಂಬುದು ನೆನಪಾಗುತ್ತದೆ.

ಬೇಗೂರಿನಲ್ಲಿ ಸಿಕ್ಕಿದ ಸುಮಾರು ಕ್ರಿ.ಶ. 890ರ ಒಂದು ಶಾಸನದಲ್ಲಿ ಬೆಂಗಳೂರು ಎಂಬ ಹೆಸರಿದೆ. ಈ ಹೆಸರು ಕಾಣಿಸುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಊರು ಕಟ್ಟಿದ ದೊರೆಯ ಹೊಗಳಿಕೆ ಅದರಲ್ಲಿಲ್ಲ. ಬೆಂಗಳೂರಿನ ಕಾಳಗದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಸಾವಿರದ ನೂರು ವರ್ಷಗಳ ಹಿಂದೆ ಈ ಊರಿನವರಿಗೆ ಕಲ್ಲಿನ ಮೇಲೆ ಬರೆದಿಡಲು ಯೋಗ್ಯ ಎನಿಸಿದ್ದು ಇನ್ನೊಬ್ಬರಿಗಾಗಿ ತಮ್ಮನ್ನು ತೆತ್ತವರ ಹೆಸರು. ಇಂದು ಅದೇ ನೆಲದ ಮೇಲೆ ಎದ್ದ ಕಟ್ಟಡಗಳ ಫಲಕಗಳಲ್ಲಿ ಕಟ್ಟಿಸಿದವರ ಹೆಸರಿದೆ. ಕಟ್ಟಿದವರ ಹೆಸರು ಎಲ್ಲಿದೆ?

ಆದ್ದರಿಂದ ವಲಸಿಗ ಉದ್ಯಮಿಯ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು, ಆದರೆ ಪೂರ್ತಿಯಾಗಿ ಹೇಳಬೇಕು. ಅವರ ಛಲವನ್ನು ಹೇಳೋಣ, ಸೋಲನ್ನೂ ಹೇಳೋಣ. ಅವರಿಗೆ ಓದಿಸಿದ ತೆರಿಗೆದಾರನನ್ನು, ಜೊತೆಗೆ ದುಡಿದ ಗೆಳೆಯನನ್ನು, ಬಾಗಿಲು ತೆರೆದ ಕಾನೂನನ್ನು, ಬಾಗಿಲು ಮುಚ್ಚಿದ್ದಾಗ ಹಿಂದಿರುಗಿದ ಹಡಗನ್ನು ಹೇಳೋಣ. ಕೊನೆಯಲ್ಲಿ 'ನೀನೂ ಹೀಗೆ ಶ್ರೀಮಂತನಾಗಬಹುದು' ಎನ್ನುವ ಬದಲು ಒಂದು ಪ್ರಶ್ನೆ ಕೇಳೋಣ: ನಿನ್ನ ಊರಿಗೆ ದುಡಿಯಲು ಬಂದವರು ಯಾರು? ಅವರಿಗೆ ಪೇಟೆಯ ದಾರಿ ತೋರಿಸಿದವರು ಯಾರು? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮುಂದಿನ ಬೆಂಚಿನ ಮಗು ಒಮ್ಮೆ ಹಿಂದಿನ ಬೆಂಚಿನ ಕಡೆಗೆ ತಿರುಗಿ ನೋಡಿದರೆ, ಆ ಕಥೆ ಹೇಳಿದ್ದು ಸಾರ್ಥಕ.